ರಾಯಪುರದ ಹಳೆಯ ರೈಲು ನಿಲ್ದಾಣ

ಬೆಂಗಳೂರಿನಿಂದ ಮದರಾಸಿಗೆ, ಅಂದರೆ ಈಗಿನ ಚೆನ್ನೈಗೆ, ಹೋಗುವ ಕನ್ನಡಿಗರಲ್ಲಿ ಬಹುಮಂದಿ ಸೆಂಟ್ರಲ್ ನಿಲ್ದಾಣದಲ್ಲಿ ಇಳಿದು ಊರೊಳಕ್ಕೆ ನಡೆಯುತ್ತಾರೆ. ಆ ನಿಲ್ದಾಣದ ಕೆಂಪು ಗೋಪುರವನ್ನು ಕಂಡು, ದಕ್ಷಿಣ ದೇಶದ ರೈಲ್ವೆಗೆ ಇದೇ ತವರುಮನೆಯೆಂದು ಭಾವಿಸುವವರೂ ಉಂಟು. ಆದರೆ ನಿಜವಾದ ತವರುಮನೆ ಅದಲ್ಲ. ಅಲ್ಲಿಂದ ಕೆಲವೇ ಕಿಲೋಮೀಟರುಗಳ ದೂರದಲ್ಲಿ, ಬಂದರಿನ ಸಮೀಪದ ರಾಯಪುರದಲ್ಲಿ, ಎತ್ತರದ ಕಂಬಗಳ ಸಾಲನ್ನು ಹೊತ್ತ ಒಂದು ಹಳೆಯ ಕಟ್ಟಡವಿದೆ. ಉಪನಗರದ ವಿದ್ಯುತ್ ರೈಲುಗಳು ಅದರ ಬಳಿ ಒಂದು ಗಳಿಗೆ ನಿಂತು ಮುಂದೆ ಸಾಗುತ್ತವೆ. ಭಾರತದಲ್ಲಿ ಇಂದಿಗೂ ಉಳಿದು ಬಂದಿರುವ ರೈಲ್ವೆ ನಿಲ್ದಾಣಗಳ ಪೈಕಿ ಅತ್ಯಂತ ಹಳೆಯದು ಈ ಕಟ್ಟಡವೇ.

ಇದನ್ನು ಕೇಳಿ ವಾಚಕರಿಗೆ ಸಂದೇಹ ಬರಬಹುದು. ನಮ್ಮ ದೇಶದಲ್ಲಿ ಪ್ರಯಾಣಿಕರ ಮೊದಲ ರೈಲು ಓಡಿದ್ದು ೧೮೫೩ರ ಏಪ್ರಿಲ್ ೧೬ರಂದು, ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ. ಮರುವರ್ಷ ಹೌರಾದಿಂದ ಹೂಗ್ಲಿಗೆ. ಮದರಾಸಿನ ಸರದಿ ಬಂದದ್ದು ಮೂರನೆಯದಾಗಿ. ಹಾಗಿದ್ದ ಮೇಲೆ ರಾಯಪುರವೇ ಹಳೆಯದು ಹೇಗಾದೀತು? ಉತ್ತರ ಸರಳವಾಗಿದೆ. ಬೋರಿಬಂದರಿನ ಮೊದಲ ನಿಲ್ದಾಣ ಹೋಗಿ, ೧೮೮೮ರ ಹೊತ್ತಿಗೆ ವಿಕ್ಟೋರಿಯಾ ಟರ್ಮಿನಸ್ ಎದ್ದಿತು. ಠಾಣೆ, ಹೌರಾಗಳ ಮೊದಲ ಕಟ್ಟಡಗಳೂ ಈಗ ಇಲ್ಲ. ಹಿರಿಯರೆಲ್ಲ ಅಳಿದ ಮೇಲೆ ಕಿರಿಯನೇ ಮನೆಗೆ ಹಿರಿಯನಾದಂತೆ, ರಾಯಪುರಕ್ಕೆ ಈ ಸ್ಥಾನ ದೊರಕಿತು.

ಹುಟ್ಟಿದ ಬಗೆ

ಮದರಾಸಿನ ಜನಕ್ಕೆ ಕಬ್ಬಿಣದ ಕಂಬಿ ತೀರ ಹೊಸತಾಗಿರಲಿಲ್ಲ. ರಸ್ತೆ ಕೆಲಸಕ್ಕೆ ಬೇಕಾದ ಕಲ್ಲನ್ನು ಸಾಗಿಸಲು ೧೮೩೭ರಲ್ಲಿಯೇ ರೆಡ್ ಹಿಲ್ಸ್ ಕಡೆಯಿಂದ ಪುಟ್ಟದೊಂದು ರೈಲುದಾರಿಯನ್ನು ಹಾಕಿದ್ದರು. ಆದರೆ ಜನರನ್ನು ಹೊತ್ತು ನಾಡಿನ ಒಳಭಾಗಕ್ಕೆ ಓಡುವ ದಾರಿಯನ್ನು ಮದರಾಸ್ ರೈಲ್ವೆ ಕಂಪನಿಯವರು ಕಟ್ಟಲು ತೊಡಗಿದ್ದು ೧೮೫೩ರಲ್ಲಿ. ಕಂಬಿಗಳ ನಡುವಣ ಅಗಲ ಐದೂವರೆ ಅಡಿ. ಇಂದಿನ ಲೆಕ್ಕದಲ್ಲಿ ೧,೬೭೬ ಮಿಲಿಮೀಟರು. ಇಂದಿಗೂ ನಮ್ಮ ಬ್ರಾಡ್‌ಗೇಜಿನ ಅಳತೆ ಇದೇ.

ರಾಯಪುರವನ್ನು ಆರಿಸಿದ್ದಕ್ಕೂ ಕಾರಣವಿತ್ತು. ಕೋಟೆ, ಕಡಲತೀರ, ವ್ಯಾಪಾರಿಗಳ ಪೇಟೆ, ಈ ಮೂರೂ ಅದಕ್ಕೆ ಹತ್ತಿರ. ಸಂತ ಪೀಟರನನ್ನು ತಮಿಳಿನಲ್ಲಿ ರಾಯಪ್ಪರ್ ಎನ್ನುತ್ತಾರೆ. ಊರಿನ ಹೆಸರು ಅದರಿಂದಲೇ ಬಂದದ್ದು. ಹಡಗು ದೋಣಿಗಳ ಕೆಲಸಗಾರರ ಈ ನೆಲೆಯಲ್ಲಿ ೧೮೫೬ರ ಜೂನ್ ೨೮ರಂದು ಗವರ್ನರ್ ಲಾರ್ಡ್ ಹ್ಯಾರಿಸ್ ನಿಲ್ದಾಣವನ್ನು ಉದ್ಘಾಟಿಸಿದರು. ಜುಲೈ ೧ರಿಂದ ವಾಲಾಜಾ ರೋಡಿನವರೆಗೆ, ಸುಮಾರು ನೂರು ಕಿಲೋಮೀಟರುಗಳಷ್ಟು ದೂರ, ಬಂಡಿಗಳು ಓಡತೊಡಗಿದವು. ಮೊದಲ ರೈಲಿನ ಡಬ್ಬಿಗಳನ್ನು ಮಾಡಿಕೊಟ್ಟವರು ಕುದುರೆಸಾರೋಟು ಕಟ್ಟುವುದರಲ್ಲಿ ಹೆಸರಾಗಿದ್ದ ಮದರಾಸಿನ ಸಿಂಪ್ಸನ್ ಕಂಪನಿಯವರು. ಸಾರೋಟಿನ ಕೆಲಸ ಬಲ್ಲ ಕೈಗಳೇ ಉಗಿಬಂಡಿಯ ಕಾಲಕ್ಕೂ ಒದಗಿದುವು.

ಕನ್ನಡನಾಡಿಗೂ ಈ ನಿಲ್ದಾಣಕ್ಕೂ ನೇರವಾದ ನಂಟಿದೆ. ಇದೇ ಕಂಪನಿಯ ದಾರಿ ಜೋಲಾರಪೇಟೆಯಿಂದ ಕವಲೊಡೆದು ೧೮೬೪ರಲ್ಲಿ ಬೆಂಗಳೂರಿನ ದಂಡು ಪ್ರದೇಶವನ್ನು ಮುಟ್ಟಿತು. ಸೆಂಟ್ರಲ್ ನಿಲ್ದಾಣ ತೆರೆದದ್ದು ೧೮೭೩ರಲ್ಲಿ. ನಡುವಿನ ಒಂಬತ್ತು ವರ್ಷ ಬೆಂಗಳೂರಿನಿಂದ ರೈಲೇರಿದವರು ಮದರಾಸಿನಲ್ಲಿ ಇಳಿದದ್ದು ರಾಯಪುರದಲ್ಲಿಯೇ. ಮುಂದೆ ೧೯೦೮ರಲ್ಲಿ ಧಾರವಾಡದಲ್ಲಿ ನೆಲೆಯೂರಿದ್ದ ಸದರ್ನ್ ಮರಾಠಾ ರೈಲ್ವೆಯೂ ಮದರಾಸ್ ರೈಲ್ವೆಯ ಒಂದು ಭಾಗವೂ ಕೂಡಿ ಒಂದೇ ಸಂಸ್ಥೆಯಾದವು. ಹುಬ್ಬಳ್ಳಿ ಧಾರವಾಡಗಳ ರೈಲ್ವೆ ವ್ಯವಹಾರಕ್ಕೂ ೧೯೨೨ರವರೆಗೆ ರಾಯಪುರವೇ ಮುಖ್ಯ ಕಚೇರಿಯಾಗಿತ್ತು.

ಕಟ್ಟಡವು ಮುಪ್ಪಾಗುವ ಬಗೆ

ಕಚೇರಿ ಬೇರೆಡೆಗೆ ಹೋಯಿತು. ದೂರದ ಗಾಡಿಗಳು ಸೆಂಟ್ರಲ್ಲಿಗೆ ಹೋದವು. ಜನಸಂಚಾರ ಕಡಮೆಯಾದ ಕಟ್ಟಡಕ್ಕೆ ರೋಗ ಬೇಗ ತಗಲುತ್ತದೆ. ಇದರಲ್ಲಿ ಮಂತ್ರವೇನೂ ಇಲ್ಲ. ಒಡೆದ ಹೆಂಚನ್ನು ಆ ದಿನವೇ ನೋಡುವ ಕಣ್ಣು ಇಲ್ಲವಾದಾಗ ಮಳೆಯ ನೀರು ಗೋಡೆಯೊಳಕ್ಕೆ ಇಳಿಯುತ್ತದೆ. ಹಕ್ಕಿ ಉದುರಿಸಿದ ಅರಳಿಯ ಬೀಜ ಬಿರುಕಿನಲ್ಲಿ ಮೊಳೆತು, ಅದರ ಬೇರು ದಪ್ಪವಾಗುತ್ತ ಇಟ್ಟಿಗೆಗಳನ್ನು ಬೇರ್ಪಡಿಸುತ್ತದೆ. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ರಾಯಪುರದ ಕಟ್ಟಡ ಇಂಥ ದುರವಸ್ಥೆಯಲ್ಲಿತ್ತು.

ರಿಪೇರಿ ಎಂದರೆ ಸಿಮೆಂಟು ಮೆತ್ತುವುದೆಂದು ಅನೇಕರು ತಿಳಿದಿದ್ದಾರೆ. ಹಳೆಯ ಗೋಡೆಗೆ ಇದು ಔಷಧವಲ್ಲ, ವಿಷ. ಭಾರತದಲ್ಲಿ ಸಿಮೆಂಟಿನ ತಯಾರಿಕೆ ಆರಂಭವಾದದ್ದೇ ಇಪ್ಪತ್ತನೆಯ ಶತಮಾನದ ಆದಿಯಲ್ಲಿ. ೧೮೫೬ರ ಮದರಾಸು ಇಟ್ಟಿಗೆ ಸುಣ್ಣಗಳ ಊರು. ಕಡಲ ಚಿಪ್ಪುಗಳನ್ನು ಸುಟ್ಟು ಮಾಡಿದ ಅಲ್ಲಿಯ ಸುಣ್ಣದ ಗಾರೆ ಅಮೃತಶಿಲೆಯಂತೆ ಹೊಳೆಯುತ್ತಿತ್ತೆಂದು ಪ್ರಸಿದ್ಧಿ.

ಸುಣ್ಣದ ಗುಣವನ್ನು ಸ್ವಲ್ಪ ವಿಚಾರಿಸೋಣ. ಚಿಪ್ಪು ಅಥವಾ ಸುಣ್ಣಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಅದನ್ನು ಸುಮಾರು ೯೦೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಕಾರ್ಬನ್ ಡೈ ಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಅರಳುತ್ತದೆ. ಮರಳು ಬೆರೆಸಿ ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿರುವ ಕಾರ್ಬನ್ ಡೈ ಆಕ್ಸೈಡನ್ನು ಮೆಲ್ಲಮೆಲ್ಲನೆ ಹೀರಿ ಮತ್ತೆ ಕಲ್ಲೇ ಆಗುತ್ತದೆ. ಗೂಡಿನಲ್ಲಿ ಕಳೆದುಕೊಂಡದ್ದನ್ನು ಗೋಡೆಯ ಮೇಲೆ ಮರಳಿ ಪಡೆಯುತ್ತದೆ.

ಹೀಗೆ ಗಟ್ಟಿಯಾದ ಗಾರೆಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಗೋಡೆಯೊಳಗಿನ ತೇವ ಅವುಗಳ ಮೂಲಕ ಹೊರಬಂದು ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ಈ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಕಡಲ ಸಮೀಪದ ಗೋಡೆಯ ತೇವದಲ್ಲಿ ಉಪ್ಪು ಕರಗಿರುತ್ತದೆ; ಒಳಗೆ ಸಿಕ್ಕಿಬಿದ್ದ ನೀರು ಆರಿದಂತೆ ಆ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಒಳಗಿನಿಂದ ಸಿಡಿಸುತ್ತದೆ. ಹೊರಗೆ ನುಣುಪು, ಒಳಗೆ ಪುಡಿ! ಹಳೆಯ ಕಟ್ಟಡಕ್ಕೆ ಹಳೆಯ ಗಾರೆಯೇ ಹಿತವೆನ್ನುವುದು ಬರಿಯ ಭಾವುಕತೆಯಿಂದಲ್ಲ.

ಮುಂದೇನು?

ಕಡೆಗೂ ಈ ಕಟ್ಟಡದ ಅದೃಷ್ಟ ತಿರುಗಿತು. ರೈಲ್ವೆಯವರೇ ಮುಂದಾಗಿ ಜೀರ್ಣೋದ್ಧಾರ ನಡೆಸಿದರು. ೨೦೦೫ರ ಅಕ್ಟೋಬರ್ ೨ರಂದು ನಿಲ್ದಾಣಕ್ಕೆ ಹೊಸ ಜನ್ಮ ದೊರಕಿತು. ಆದರೂ ಚಿಂತೆ ತೀರಲಿಲ್ಲ. ಸೆಂಟ್ರಲ್ಲಿನ ನೂಕುನುಗ್ಗಲು ತಗ್ಗಿಸಲು ರಾಯಪುರವನ್ನು ದೊಡ್ಡ ಟರ್ಮಿನಸ್ ಮಾಡಬೇಕೆಂಬ ಬೇಡಿಕೆ ಬಹುಕಾಲದಿಂದಲೂ ಇದೆ. ಇದು ನ್ಯಾಯವಾದ ಬೇಡಿಕೆಯೇ. ರೈಲ್ವೆ ಇರುವುದು ಜನರಿಗಾಗಿ. ಆದರೆ ಹೊಸ ಪ್ಲಾಟ್‌ಫಾರಂಗಳ ನಕ್ಷೆಯಲ್ಲಿ ಹಳೆಯ ಕಂಬಗಳಿಗೂ ಜಾಗವಿರಬೇಕು. ಪ್ಲಾಟ್‌ಫಾರಂ ಹೊಸದಾಗಿ ಕಟ್ಟಬಹುದು. ೧೮೫೬ನೆಯ ಇಸವಿಯನ್ನು ಹೊಸದಾಗಿ ಕಟ್ಟಲಾಗುವುದಿಲ್ಲ.

ಹಾಗೆಂದು ಕಟ್ಟಡಕ್ಕೆ ಬೀಗ ಹಾಕಿ ಕಾಪಾಡುವುದೂ ಸರಿಯಲ್ಲ. ಜನ ಬಂದುಹೋಗುವ ಮನೆಯೇ ಬಾಳುತ್ತದೆ. ಟಿಕೆಟ್ಟು ಕೊಡುವ ಕಿಟಕಿಯೋ, ಸಣ್ಣ ವಸ್ತುಸಂಗ್ರಹಾಲಯವೋ, ಏನಾದರೊಂದು ಕೆಲಸ ಅದಕ್ಕಿರಲಿ. ಮಾವು ಸೋರಿದ ದಿನವೇ ಒಬ್ಬರ ಕಣ್ಣಿಗೆ ಬಿದ್ದು, ಮರುದಿನವೇ ಹೆಂಚು ಬದಲಾದರೆ, ಅರಳಿಯ ಬೀಜಕ್ಕೆ ಮೊಳೆಯಲು ಜಾಗವಿರುವುದಿಲ್ಲ. ಮುಂದಿನ ಸಲ ಚೆನ್ನೈಗೆ ಹೋದ ವಾಚಕರು ಉಪನಗರದ ರೈಲೇರಿ ರಾಯಪುರದಲ್ಲಿ ಇಳಿದು ಆ ಕಂಬಗಳನ್ನೊಮ್ಮೆ ನೋಡಿ ಬರಲಿ. ನೂರೈವತ್ತು ವರ್ಷಗಳಾಚೆ ಬೆಂಗಳೂರಿನ ಪ್ರಯಾಣಿಕರು ಗಂಟುಮೂಟೆಗಳೊಡನೆ ಇಳಿಯುತ್ತಿದ್ದದ್ದು ಅಲ್ಲಿಯೇ.