ನಿವೃತ್ತ ಸೈನಿಕರ ಸೇವಾ ದಾಖಲೆಯಲ್ಲಿ ಬಿಟ್ಟುಹೋದ ಪದಕಗಳು: ತಿದ್ದುಪಡಿ ಕೋರುವ ಕ್ರಮ

ಆಲಮೇಲ ಹಾಗೂ ಸುತ್ತಲಿನ ಗ್ರಾಮಗಳಲ್ಲಿ, ಅಂತೆಯೇ ಸಿಂದಗಿ, ಇಂಡಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳಲ್ಲಿ, ಭಾರತೀಯ ಸೇನೆಯಿಂದ ನಿವೃತ್ತರಾಗಿ ಒಕ್ಕಲುತನಕ್ಕೆ ಮರಳಿರುವ ಹಿರಿಯರು ಇದ್ದಾರೆ. 1971ರ ಯುದ್ಧದಲ್ಲಿ ಭಾಗವಹಿಸಿದವರಿಗೆ ಈಗ ಎಪ್ಪತ್ತು ದಾಟಿದೆ. ಇಂತಹವರ ಡಿಸ್ಚಾರ್ಜ್ ಬುಕ್ಕಿನಲ್ಲಿ ಪದಕಗಳ ಕಲಮು ಅಪೂರ್ಣವಾಗಿರುವುದು ಅಪರೂಪದ ಸಂಗತಿಯಲ್ಲ. ಯುದ್ಧಭೂಮಿಯಲ್ಲಿದ್ದ ವ್ಯಕ್ತಿಯ ಕಾಗದದಲ್ಲಿ ಆ ಯುದ್ಧದ ಹೆಸರೇ ಇಲ್ಲದಿದ್ದರೆ ಮನೆಯವರಿಗೆ ನೋವಾಗುವುದು ಸಹಜ. ಆದರೆ ಈ ಲೋಪವನ್ನು ಸರಿಪಡಿಸಲು ಮಾರ್ಗವಿದೆ. ಅರ್ಜಿ ಯಾರಿಗೆ, ಯಾವ ಆಧಾರದೊಂದಿಗೆ, ಯಾವ ಕ್ರಮದಲ್ಲಿ ಸಲ್ಲಿಸಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ದಾಖಲೆ ಹೇಗೆ ಸಿದ್ಧವಾಗುತ್ತದೆ

ಸೈನಿಕನ ಸೇವಾ ದಾಖಲೆಯು ಆತನ ಹೇಳಿಕೆಯಿಂದ ಬರೆದದ್ದಲ್ಲ. ಭರ್ತಿ, ವರ್ಗಾವಣೆ, ಬಡ್ತಿ, ಮದುವೆ, ಮಕ್ಕಳ ಜನನ, ಪದಕ ಇವೆಲ್ಲವನ್ನೂ ಆತನ ಘಟಕವು ಲಿಖಿತ ಆದೇಶದ ಮೂಲಕ ಪ್ರಕಟಿಸುತ್ತದೆ. ಸೈನಿಕರು ಇದನ್ನು ಪಾರ್ಟ್ ಟು ಆರ್ಡರ್ ಎಂದು ಕರೆಯುತ್ತಾರೆ. ಈ ಆದೇಶವು ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ತಲುಪಿದ ನಂತರ ಅಲ್ಲಿನ ಕಡತದಲ್ಲಿ ನಮೂದಾಗುತ್ತದೆ. ನಿವೃತ್ತಿಯ ಸಮಯದಲ್ಲಿ ಕೊಡುವ ಡಿಸ್ಚಾರ್ಜ್ ಬುಕ್ ಆ ಕಡತದಿಂದ ತೆಗೆದ ಸಾರಾಂಶ ಮಾತ್ರ.

ಆದ್ದರಿಂದ ಪದಕದ ನಮೂದು ಎಲ್ಲಿ ಬೇಕಾದರೂ ತಪ್ಪಿಹೋಗಬಹುದು. ಯುದ್ಧ ಮುಗಿಯುವ ಹೊತ್ತಿಗೆ ಸೈನಿಕನು ಬೇರೆ ಘಟಕಕ್ಕೆ ವರ್ಗವಾಗಿದ್ದರೆ ಹಳೆಯ ಘಟಕವು ಸಿದ್ಧಪಡಿಸಿದ ಅರ್ಹರ ಪಟ್ಟಿಯಲ್ಲಿ ಆತನ ಹೆಸರು ಸೇರದಿರಬಹುದು. ಗಾಯಗೊಂಡು ಆಸ್ಪತ್ರೆಯಲ್ಲಿದ್ದವರ ವಿಷಯದಲ್ಲೂ ಹೀಗಾಗುವುದುಂಟು. ಪದಕವನ್ನು ಸರ್ಕಾರ ಘೋಷಿಸುವ ದಿನಕ್ಕೂ ಕೋಲ್ಕತ್ತದ ಟಂಕಸಾಲೆಯಲ್ಲಿ ಅದು ತಯಾರಾಗಿ ಬರುವ ದಿನಕ್ಕೂ ನಡುವೆ ವರ್ಷಗಳು ಕಳೆದು, ಅಷ್ಟರಲ್ಲಿ ಸೈನಿಕನು ನಿವೃತ್ತನಾಗಿರಬಹುದು. ಹೀಗಾಗಿ ದಾಖಲೆಯಲ್ಲಿ ಪದಕ ಇಲ್ಲದಿರುವುದು ಸೈನಿಕನು ಅದಕ್ಕೆ ಅರ್ಹನಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಅಂತೆಯೇ ಅರ್ಹತೆ ಇದೆ ಎಂದು ಬಾಯಿಮಾತಿನಲ್ಲಿ ಹೇಳಿದರೂ ಸಾಲದು. ಯಾವ ಘಟಕದಲ್ಲಿ, ಯಾವ ಸ್ಥಳದಲ್ಲಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇದ್ದರು ಎಂಬ ಮೂರು ಸಂಗತಿಗಳನ್ನು ತೋರಿಸಬೇಕು. ತಿದ್ದುಪಡಿಯ ಕೆಲಸವೆಲ್ಲ ಈ ಮೂರರ ಮೇಲೆ ನಿಂತಿದೆ.

ಮೊದಲು ಲೋಪದ ಸ್ವರೂಪವನ್ನು ಗುರುತಿಸಬೇಕು

ಪದಕ ಇಲ್ಲ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳು ಅಡಗಿರುತ್ತವೆ.

ಮೊದಲನೆಯದು, ಅರ್ಹತೆಯಿದ್ದರೂ ದಾಖಲೆಯಲ್ಲಿ ನಮೂದು ಇಲ್ಲದಿರುವುದು. ಇದಕ್ಕೆ ದಾಖಲೆ ತಿದ್ದುಪಡಿಯನ್ನು ಕೋರಬೇಕು. ಎರಡನೆಯದು, ನಮೂದು ಇದ್ದು ಪದಕ ಮಾತ್ರ ಕೈಗೆ ಬಾರದಿರುವುದು. ಇದಕ್ಕೆ ತಿದ್ದುಪಡಿ ಬೇಕಿಲ್ಲ. ಪದಕ ವಿತರಣೆಯನ್ನು ಕೋರಿದರೆ ಸಾಕು. ಮೂರನೆಯದು, ಪದಕ ಬಂದು ಕಳೆದುಹೋಗಿರುವುದು. ಇದಕ್ಕೆ ನಕಲು ಪದಕ ಕೋರಬೇಕಾಗುತ್ತದೆ. ಕಳೆದುಹೋದ ಬಗ್ಗೆ ಪ್ರಮಾಣಪತ್ರವನ್ನೂ ಪದಕದ ಬೆಲೆಯನ್ನೂ ಕಚೇರಿಯು ಕೇಳಬಹುದು. ಈ ಮೂರನ್ನೂ ಒಂದೇ ಅರ್ಜಿಯಲ್ಲಿ ಬೆರೆಸಿ ಬರೆದರೆ ಉತ್ತರ ವಿಳಂಬವಾಗುವುದು ನಿಶ್ಚಿತ.

ಯಾವ ಪದಕಕ್ಕೆ ಅರ್ಹತೆ ಇರಬಹುದು

ಡಿಸ್ಚಾರ್ಜ್ ಬುಕ್ಕನ್ನು ಎದುರಿಗೆ ಇಟ್ಟುಕೊಂಡು ಸೇವಾವಧಿಯನ್ನು ಕೆಳಗಿನ ವಿವರಗಳೊಂದಿಗೆ ಹೋಲಿಸಿ ನೋಡಬಹುದು.

1965ರ ಯುದ್ಧಕ್ಕೆ ಸಂಬಂಧಿಸಿ ರಕ್ಷಾ ಮೆಡಲ್ ಮತ್ತು ಸಮರ ಸೇವಾ ಸ್ಟಾರ್ ಇವೆ. ಇವುಗಳಲ್ಲಿ ಸ್ಟಾರ್ ಯುದ್ಧ ನಡೆದ ವಲಯದಲ್ಲಿ ಇದ್ದವರಿಗೆ ಸಲ್ಲುತ್ತದೆ. 1971ರ ಯುದ್ಧದಲ್ಲಿ ಪೂರ್ವ ರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮ ರಂಗದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಇವಲ್ಲದೆ ಸಂಗ್ರಾಮ್ ಮೆಡಲ್ ಇವೆ. ಶ್ರೀಲಂಕಾದ ಶಾಂತಿಪಾಲನಾ ಪಡೆಯಲ್ಲಿದ್ದವರಿಗೆ ಶ್ರೀಲಂಕಾ ಕ್ಲ್ಯಾಸ್ಪ್ ಸಹಿತ ಸ್ಪೆಷಲ್ ಸರ್ವಿಸ್ ಮೆಡಲ್ ಇದೆ. 1999ರ ಕಾರ್ಗಿಲ್ ಕಾರ್ಯಾಚರಣೆಗೆ ಆಪರೇಷನ್ ವಿಜಯ್ ಸ್ಟಾರ್ ಮತ್ತು ಆಪರೇಷನ್ ವಿಜಯ್ ಮೆಡಲ್, 2001-02ರ ಗಡಿ ಜಮಾವಣೆಗೆ ಆಪರೇಷನ್ ಪರಾಕ್ರಮ್ ಮೆಡಲ್ ಇವೆ. ದುರ್ಗಮ ಪ್ರದೇಶಗಳ ಸೇವೆಗೆ ಸೈನ್ಯ ಸೇವಾ ಮೆಡಲ್, ಹೈ ಆಲ್ಟಿಟ್ಯೂಡ್ ಮೆಡಲ್ ಮತ್ತು ಸಿಯಾಚಿನ್ ಗ್ಲೇಸಿಯರ್ ಮೆಡಲ್ ಇವೆ.

ಸುಲಭವಾಗಿ ಸಾಬೀತುಪಡಿಸಬಹುದಾದ ಪದಕಗಳೇ ಅನೇಕ ಬಾರಿ ಗಮನಕ್ಕೆ ಬರುವುದಿಲ್ಲ. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವರ್ಷದ ಪದಕ, 1997ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ 50ನೇ ವರ್ಷದ ಪದಕ ಸಲ್ಲುತ್ತವೆ. 9, 20 ಮತ್ತು 30 ವರ್ಷಗಳ ಸೇವೆಗೆ ದೀರ್ಘಸೇವಾ ಪದಕಗಳಿವೆ. ಇವುಗಳಿಗೆ ಭರ್ತಿ ಮತ್ತು ಬಿಡುಗಡೆಯ ದಿನಾಂಕಗಳೇ ಮುಖ್ಯ ಆಧಾರ.

ಒಂದು ಉದಾಹರಣೆಯನ್ನು ನೋಡೋಣ. 1968ರಲ್ಲಿ ಮರಾಠಾ ಲಘು ಪದಾತಿದಳಕ್ಕೆ ಸೇರಿ 1983ರಲ್ಲಿ ನಿವೃತ್ತನಾದ ಒಬ್ಬ ಸಿಪಾಯಿಯ ಪುಸ್ತಕದಲ್ಲಿ ಸೈನ್ಯ ಸೇವಾ ಮೆಡಲ್ ಮಾತ್ರ ಇದೆ ಎಂದು ಭಾವಿಸಿ. ಆತ 1971ರ ಡಿಸೆಂಬರಿನಲ್ಲಿ ಪೂರ್ವ ರಂಗದಲ್ಲಿದ್ದನು. ಆಗ 25ನೇ ವರ್ಷದ ಪದಕ ಮತ್ತು 9 ವರ್ಷದ ದೀರ್ಘಸೇವಾ ಪದಕಗಳನ್ನು ದಿನಾಂಕಗಳ ಆಧಾರದಿಂದಲೇ ಕೋರಬಹುದು. ಪೂರ್ವಿ ಸ್ಟಾರ್ ಮತ್ತು ಸಂಗ್ರಾಮ್ ಮೆಡಲ್‌ಗಳಿಗೆ ಮಾತ್ರ ಆತನ ಬೆಟಾಲಿಯನ್ ಆಗ ಎಲ್ಲಿತ್ತು, ಆತನು ಅದರೊಂದಿಗೆ ಇದ್ದನೇ ಎಂಬುದನ್ನು ತೋರಿಸಬೇಕು. ಹೀಗೆ ಪದಕಗಳನ್ನು ಎರಡು ಗುಂಪಾಗಿ ವಿಂಗಡಿಸಿ ಬರೆದ ಅರ್ಜಿಯನ್ನು ಪರಿಶೀಲಿಸುವುದು ಕಚೇರಿಗೂ ಸುಲಭ.

ಶೌರ್ಯ ಪ್ರಶಸ್ತಿಗಳ ವಿಷಯ ಬೇರೆ

ಮೇಲಿನವು ಸೇವಾ ಪದಕಗಳು. ಇವುಗಳಿಗೆ ಗೌರವವಿದೆ, ಮಾಸಿಕ ಭತ್ಯೆಯಿಲ್ಲ. ಪರಮವೀರ ಚಕ್ರದಿಂದ ಶೌರ್ಯಕ್ಕಾಗಿ ಕೊಡುವ ಸೇನಾ ಮೆಡಲ್‌ವರೆಗಿನ ಶೌರ್ಯ ಪ್ರಶಸ್ತಿಗಳಿಗೆ ಕೇಂದ್ರ ಸರ್ಕಾರದ ಮಾಸಿಕ ಭತ್ಯೆ ಇದೆ. 2017ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಂತೆ ಪರಮವೀರ ಚಕ್ರಕ್ಕೆ 20,000 ರೂಪಾಯಿ, ವೀರ ಚಕ್ರಕ್ಕೆ 7,000 ರೂಪಾಯಿ, ಶೌರ್ಯಕ್ಕಾಗಿ ಕೊಡುವ ಸೇನಾ ಮೆಡಲ್‌ಗೆ 2,000 ರೂಪಾಯಿ ನಿಗದಿಯಾಗಿತ್ತು. ಪ್ರಶಸ್ತಿ ಪಡೆದವರ ನಿಧನದ ನಂತರ ಇದು ಪತ್ನಿಗೆ ಮುಂದುವರಿಯುತ್ತದೆ. ಮಾಜಿ ಸೈನಿಕರ ಮಕ್ಕಳಿಗೆ ವೃತ್ತಿಶಿಕ್ಷಣದಲ್ಲಿ ಕಾದಿರಿಸಿದ ಸ್ಥಾನಗಳಲ್ಲಿಯೂ ಶೌರ್ಯ ಪ್ರಶಸ್ತಿ ಪಡೆದವರ ಮಕ್ಕಳಿಗೆ ಪ್ರತ್ಯೇಕ ಆದ್ಯತೆಯಿದೆ. ಹೀಗಾಗಿ ಇಲ್ಲಿನ ಒಂದು ಸಾಲಿನ ಲೋಪವು ಕುಟುಂಬದ ಆದಾಯವನ್ನೂ ಓದನ್ನೂ ತಟ್ಟಬಲ್ಲದು.

ಶೌರ್ಯ ಪ್ರಶಸ್ತಿಗೆ ಮೂಲ ಆಧಾರ ಭಾರತದ ರಾಜಪತ್ರ. ರಾಜಪತ್ರದಲ್ಲಿ ಹೆಸರು ಪ್ರಕಟವಾಗಿದ್ದು ಸೇವಾ ದಾಖಲೆಯಲ್ಲಿ ಬಿಟ್ಟುಹೋಗಿದ್ದರೆ ಅಧಿಸೂಚನೆಯ ದಿನಾಂಕ ಮತ್ತು ಸಂಖ್ಯೆಯನ್ನು ಉಲ್ಲೇಖಿಸಿ ತಿದ್ದುಪಡಿ ಕೋರಬಹುದು. ಆದರೆ ಅಧಿಕಾರಿಗಳು ಶಿಫಾರಸು ಮಾಡಿದ್ದರು, ಪ್ರಶಸ್ತಿ ಬರಲಿಲ್ಲ ಎಂಬ ಪ್ರಕರಣವು ದಾಖಲೆಯ ಲೋಪವಲ್ಲ. ಅದನ್ನು ತಿದ್ದುಪಡಿಯ ಅರ್ಜಿಯಿಂದ ಪಡೆಯಲಾಗದು ಎಂಬುದನ್ನು ಕುಟುಂಬದವರು ಅರಿತಿರಬೇಕು.

ಅರ್ಜಿ ಯಾರಿಗೆ

ತಹಶೀಲ್ದಾರರಾಗಲಿ, ಗ್ರಾಮ ಪಂಚಾಯಿತಿಯಾಗಲಿ, ಪಿಂಚಣಿ ನೀಡುವ ಬ್ಯಾಂಕಾಗಲಿ ಸೇವಾ ದಾಖಲೆಯನ್ನು ತಿದ್ದಲು ಅಧಿಕಾರ ಹೊಂದಿಲ್ಲ. ಸಿಪಾಯಿಯಿಂದ ಸುಬೇದಾರ್ ಮೇಜರ್‌ವರೆಗಿನವರ ಅರ್ಜಿಯು ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಹೋಗಬೇಕು. ಮರಾಠಾ ಲಘು ಪದಾತಿದಳಕ್ಕೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಬೆಂಗಳೂರು, ಮದ್ರಾಸ್ ರೆಜಿಮೆಂಟಿಗೆ ನೀಲಗಿರಿಯ ವೆಲಿಂಗ್ಟನ್, ತೋಪುಖಾನೆಗೆ ನಾಸಿಕ್ ರೋಡ್ ಕ್ಯಾಂಪ್, ಸಿಗ್ನಲ್ಸ್‌ಗೆ ಜಬಲಪುರ, ಇಎಂಇಗೆ ಸಿಕಂದರಾಬಾದ್ ಇವು ನಮ್ಮ ಭಾಗದವರಿಗೆ ಹೆಚ್ಚು ಸಂಬಂಧಿಸಿದವು. ವಾಯುಪಡೆಯವರ ದಾಖಲೆ ನವದೆಹಲಿಯ ಸುಬ್ರತೋ ಪಾರ್ಕ್‌ನಲ್ಲಿಯೂ ನೌಕಾಪಡೆಯ ನಾವಿಕರ ದಾಖಲೆ ಮುಂಬಯಿಯಲ್ಲಿಯೂ ಇರುತ್ತವೆ.

ಅರ್ಜಿಯನ್ನು ವಿಜಯಪುರದಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯ ಮೂಲಕ ಕಳುಹಿಸುವುದು ಉತ್ತಮ. ಆ ಕಚೇರಿಯು ಮಾಜಿ ಸೈನಿಕನ ಗುರುತನ್ನು ದೃಢೀಕರಿಸಿ ಮುಖಪತ್ರದೊಂದಿಗೆ ರವಾನಿಸಬಲ್ಲದು.

ಅರ್ಜಿಯಲ್ಲಿ ಏನಿರಬೇಕು

ಸೇವಾ ಸಂಖ್ಯೆ, ಹುದ್ದೆ, ಸೇನೆಯ ದಾಖಲೆಯಲ್ಲಿರುವಂತೆ ಹೆಸರು, ಭರ್ತಿ ಮತ್ತು ಬಿಡುಗಡೆಯ ದಿನಾಂಕ, ಸೇವೆ ಸಲ್ಲಿಸಿದ ಘಟಕಗಳು, ಬಿಟ್ಟುಹೋದ ಪ್ರತಿ ಪದಕದ ಹೆಸರು, ಅದರ ಎದುರು ಆಧಾರ: ಇಷ್ಟು ಸಾಕು. ದೀರ್ಘ ನಿವೇದನೆಯ ಅಗತ್ಯವಿಲ್ಲ. ನಮ್ಮ ಭಾಗದಲ್ಲಿ ಊರಿನ ಹೆಸರು ಅಡ್ಡಹೆಸರಾಗಿ, ತಂದೆಯ ಹೆಸರು ನಡುಹೆಸರಾಗಿ ಬರುವುದರಿಂದ ಸೇನೆಯ ಕಾಗದದಲ್ಲಿನ ಹೆಸರಿಗೂ ಆಧಾರ್ ಕಾರ್ಡಿನ ಹೆಸರಿಗೂ ವ್ಯತ್ಯಾಸ ಇರುವುದುಂಟು. ಆದಕಾರಣ ಸೇವಾ ಸಂಖ್ಯೆಯನ್ನು ತಪ್ಪಿಲ್ಲದೆ ಬರೆಯಬೇಕು. ಪದಕದ ಅಂಚಿನಲ್ಲಿ ಕೊರೆಯುವುದೂ ಸೇನೆಯ ದಾಖಲೆಯಲ್ಲಿರುವ ಸಂಖ್ಯೆ ಮತ್ತು ಹೆಸರನ್ನೇ.

ಡಿಸ್ಚಾರ್ಜ್ ಬುಕ್ಕಿನ ಎಲ್ಲ ಪುಟಗಳು, ಪಿಂಚಣಿ ಆದೇಶ ಮತ್ತು ಮಾಜಿ ಸೈನಿಕರ ಗುರುತಿನ ಚೀಟಿಯ ಪ್ರತಿಗಳನ್ನು ಲಗತ್ತಿಸಬೇಕು. ಮೂಲ ಪ್ರತಿಗಳನ್ನು ಅಂಚೆಯಲ್ಲಿ ಕಳುಹಿಸಬಾರದು. ಸೈನಿಕರು ನಿಧನರಾಗಿದ್ದರೆ ಪತ್ನಿ ಅಥವಾ ಮಕ್ಕಳು ಮರಣ ಪ್ರಮಾಣಪತ್ರ ಹಾಗೂ ನಾಡಕಚೇರಿಯಿಂದ ಪಡೆದ ವಂಶವೃಕ್ಷ ಪ್ರಮಾಣಪತ್ರವನ್ನು ಸೇರಿಸಬೇಕು. ಸ್ಪೀಡ್ ಪೋಸ್ಟ್ ರಸೀದಿಯನ್ನು ಅರ್ಜಿಯ ಪ್ರತಿಯೊಂದಿಗೆ ಕಾಯ್ದಿಡಬೇಕು.

ಆಧಾರ ಸಿಗದಿದ್ದರೆ

ಹಳೆಯ ಕಡತಗಳು ಶಾಶ್ವತವಲ್ಲ. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ವೈಯಕ್ತಿಕ ಕಡತಗಳನ್ನು ಸೇನೆಯ ನಿಯಮದಂತೆ 25 ವರ್ಷಗಳ ನಂತರ ನಾಶಪಡಿಸಲಾಗುತ್ತದೆ. ಸಂಕ್ಷಿಪ್ತ ವಿವರಗಳುಳ್ಳ ಲಾಂಗ್ ರೋಲ್ ಮಾತ್ರ ಉಳಿಯುತ್ತದೆ. ಮುಖ್ಯ ಕಡತವೇ ಇಲ್ಲವಾದರೆ ದಾಖಲೆಯನ್ನು ಮರಳಿ ಕಟ್ಟಲು ಸಾಧ್ಯವೇ ಎಂಬ ಪ್ರಶ್ನೆಗೆ ಅಮೆರಿಕದ ಒಂದು ಪ್ರಸಂಗ ಉತ್ತರ ಕೊಡುತ್ತದೆ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ಸೇನಾ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು ಸುಮಾರು 1.6ರಿಂದ 1.8 ಕೋಟಿ ಕಡತಗಳು ಸುಟ್ಟುಹೋದವು. ಅಲ್ಲಿನವರು ವೇತನ ಪಟ್ಟಿ, ಘಟಕಗಳ ದಿನವಹಿ, ಆಸ್ಪತ್ರೆಯ ಕಾಗದಗಳಂತಹ ಅನ್ಯ ಮೂಲಗಳಿಂದ ಸೈನಿಕರ ಸೇವಾ ವಿವರಗಳನ್ನು ಮತ್ತೆ ಜೋಡಿಸುತ್ತ ಬಂದಿದ್ದಾರೆ.

ನಮ್ಮಲ್ಲಿಯೂ ಇದೇ ವಿವೇಕ ಉಪಯುಕ್ತ. ಸೇನಾ ಆಸ್ಪತ್ರೆಯ ಬಿಡುಗಡೆ ಚೀಟಿ, ಆ ಕಾಲದ ರಜೆ ಪ್ರಮಾಣಪತ್ರ, ರಣರಂಗದಿಂದ ಮನೆಗೆ ಬರೆದ ಫೀಲ್ಡ್ ಪೋಸ್ಟ್ ಆಫೀಸಿನ ಮುದ್ರೆಯಿರುವ ಇನ್‌ಲ್ಯಾಂಡ್ ಪತ್ರ, ಘಟಕದ ಹೆಸರಿರುವ ಭಾವಚಿತ್ರ ಇವೆಲ್ಲವೂ ಆ ದಿನಗಳಲ್ಲಿ ಸೈನಿಕನು ಎಲ್ಲಿದ್ದನೆಂಬುದನ್ನು ಹುಡುಕಲು ದಾರಿ ತೋರುತ್ತವೆ. ಹಳೆಯ ಟ್ರಂಕಿನಲ್ಲಿರುವ ಇಂತಹ ಕಾಗದಗಳನ್ನು ರದ್ದಿಗೆ ಹಾಕಬಾರದು.

ಉತ್ತರ ಬಾರದಿದ್ದರೆ

ಸಕಾಲದಲ್ಲಿ ಉತ್ತರ ಬಾರದಿದ್ದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಪದಕ ಕೊಡಿ ಎಂದು ಈ ಅರ್ಜಿಯಲ್ಲಿ ಕೇಳುವುದು ಫಲಕಾರಿಯಲ್ಲ. ದಾಖಲೆಯಲ್ಲಿರುವ ಪದಕಗಳ ವಿವರದ ಪ್ರತಿ, ಅವುಗಳ ಪಾರ್ಟ್ ಟು ಆರ್ಡರ್‌ಗಳ ಪ್ರತಿ, ಮೊದಲು ಸಲ್ಲಿಸಿದ ಅರ್ಜಿಯ ಮೇಲೆ ಕೈಗೊಂಡ ಕ್ರಮ ಇವುಗಳನ್ನು ಕೇಳಬೇಕು. ಉತ್ತರಕ್ಕೆ 30 ದಿನಗಳ ಅವಧಿಯಿದೆ. ಅದರ ನಂತರ ಮೇಲ್ಮನವಿಗೆ ಅವಕಾಶವಿದೆ.

ರೆಕಾರ್ಡ್ ಆಫೀಸು ಕೋರಿಕೆಯನ್ನು ಲಿಖಿತವಾಗಿ ತಿರಸ್ಕರಿಸಿದರೆ, 2007ರ ಕಾಯ್ದೆಯಂತೆ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಾಧಿಕರಣಕ್ಕೆ ಹೋಗಬಹುದು. ಸಾಮಾನ್ಯವಾಗಿ ಅಂತಿಮ ಆದೇಶದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕಾಗಿರುವುದರಿಂದ ತಿರಸ್ಕಾರದ ಪತ್ರವನ್ನು ಮನೆಯಲ್ಲಿ ಇಟ್ಟು ಮರೆಯಬಾರದು.

ವಿಳಂಬ ಸಲ್ಲದು

ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಸೈನಿಕನ ಸ್ವಂತ ನೆನಪು. ಅದು ತಾನಾಗಿ ಪುರಾವೆಯಾಗದು. ಆದರೆ ಪುರಾವೆ ಎಲ್ಲಿದೆ ಎಂಬುದನ್ನು ತೋರಿಸುವುದು ಅದೇ. ಯಾವ ಬೆಟಾಲಿಯನ್, ಯಾವ ಕಂಪನಿ, ಯಾವ ಠಾಣೆ, ಯಾವ ಚಳಿಗಾಲ ಎಂಬುದನ್ನು ಅವರಲ್ಲದೆ ಬೇರೆ ಯಾರೂ ಹೇಳಲಾರರು. ಅವರು ಹೋದ ನಂತರ ಮಕ್ಕಳ ಕೈಯಲ್ಲಿ ಉಳಿಯುವುದು ಅಪೂರ್ಣವಾದ ಆ ಒಂದು ಪುಸ್ತಕ ಮಾತ್ರ.

ಆದ್ದರಿಂದ ಮಾಜಿ ಸೈನಿಕರಿರುವ ಪ್ರತಿ ಮನೆಯಲ್ಲಿ ಮಕ್ಕಳು ಅಥವಾ ಮೊಮ್ಮಕ್ಕಳು ಒಂದು ದಿನ ಹಿರಿಯರ ಬಳಿ ಕುಳಿತು, ಭರ್ತಿಯಾದ ದಿನದಿಂದ ಬಿಡುಗಡೆಯ ದಿನದವರೆಗೆ ಅವರು ಇದ್ದ ಘಟಕ, ಸ್ಥಳ ಮತ್ತು ವರ್ಷಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕೆಂದು ಕೋರಲಾಗಿದೆ. ಗ್ರಾಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಈ ಲೇಖನವನ್ನು ತಮ್ಮ ವ್ಯಾಪ್ತಿಯ ಮಾಜಿ ಸೈನಿಕರಿಗೆ ಮತ್ತು ಅವರ ಕುಟುಂಬದವರಿಗೆ ಓದಿ ತಿಳಿಸುವುದು, ಅಕ್ಷರಜ್ಞಾನವಿಲ್ಲದ ವೀರಪತ್ನಿಯರಿಗೆ ಅರ್ಜಿ ಬರೆಯಲು ನೆರವಾಗುವುದು ಅಪೇಕ್ಷಣೀಯ. ದೇಶಕ್ಕೆ ಸಲ್ಲಿಸಿದ ಸೇವೆ ಸಂದಾಯವಾಗಿದೆ. ಅದು ಕಾಗದದಲ್ಲಿಯೂ ಸರಿಯಾಗಿ ಇರುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.