ಹೊಕ್ಕುಳುಳ್ಳ ಹಡಗು

ಹಳೆಯ ದುಡ್ಡು ಕೂಡಿಡುವ ಗೆಳೆಯರೊಬ್ಬರ ಡಬ್ಬಿಯಲ್ಲಿ ಇಂಡೊನೇಷ್ಯಾದ ಎರಡು ಚೂರು ಅಕ್ಕಪಕ್ಕ ಬಿದ್ದಿದ್ದವು. ಒಂದು 1992ರ ನೂರು ರುಪಯಾದ ಕೆಂಪು ನೋಟು; ಅದರಲ್ಲಿ ಹಾಯಿ ಬಿಚ್ಚಿಕೊಂಡು ಹೊರಟ ಎರಡು ಕಂಬದ ಹಡಗು. ಇನ್ನೊಂದು ಐವತ್ತು ರುಪಯಾದ ನಾಣ್ಯ. ಅದರಲ್ಲಿ ದೈತ್ಯ ಉಡ. ಇವತ್ತು ಎರಡೂ ಸೇರಿದರೂ ಅಲ್ಲಿ ಒಂದು ಲೋಟ ಚಹಾ ಹುಟ್ಟುವುದಿಲ್ಲ. ಆದರೆ ಆ ಹಡಗಿನಲ್ಲಿ ಕೂತು ಆ ಉಡವನ್ನು ನೋಡಿಬರುವುದಕ್ಕೆಂದು ಎಲ್ಲೆಲ್ಲಿಂದಲೋ ಬಂದ ಜನ ಈಗ ಚೀಲ ಬಿಚ್ಚಿ ಸುರಿಯುತ್ತಾರೆ.

ಹಡಗಿನ ಹೆಸರು ಪಿನಿಸಿ. ಉಡದ ಹೆಸರು ಎಲ್ಲರಿಗೂ ಗೊತ್ತು, ಕೊಮೊಡೊ ಡ್ರ್ಯಾಗನ್. ಉಡದ ಬಗ್ಗೆ ಟಿವಿಯವರು ಬೇಕಾದಷ್ಟು ಹೇಳಿದ್ದಾರೆ. ಹಡಗಿನ ಬಗ್ಗೆ ಹೇಳಿದವರು ಕಡಿಮೆ.

ಪಿನಿಸಿ ಹುಟ್ಟುವುದು ಸುಲಾವೆಸಿ ದ್ವೀಪದ ದಕ್ಷಿಣ ತುದಿಯಲ್ಲಿ, ಬುಲುಕುಂಬ ಜಿಲ್ಲೆಯ ಕಡಲ ದಂಡೆಯಲ್ಲಿ. ಮಕಸ್ಸರ್ ಪಟ್ಟಣದಿಂದ ನಾಲ್ಕೈದು ತಾಸಿನ ದಾರಿ. ತಾನಾ ಬೆರು ಎಂಬ ಊರು ಬಂತೆನ್ನುವಾಗಲೇ ಗೊತ್ತಾಗುತ್ತದೆ: ತೆಂಗಿನ ಮರಗಳ ನಡುವೆ, ಮನೆಯೆದುರು ಕಾರು ನಿಲ್ಲಿಸಿದ ಹಾಗೆ, ಹಡಗುಗಳು ಸಾಲಾಗಿ ನಿಂತಿವೆ. ಕೆಲವಕ್ಕೆ ಮೂಗು ಮಾತ್ರ ಮೂಡಿದೆ, ಕೆಲವಕ್ಕೆ ಹೊಟ್ಟೆ ತುಂಬಿದೆ. ಕಾರ್ಖಾನೆಯ ಗೋಡೆಯಿಲ್ಲ, ಗೇಟಿಲ್ಲ. ಮರದ ಪುಡಿಯ ಮೇಲೆ ಕೋಳಿ ಕೆದಕುತ್ತಿರುತ್ತದೆ. ಈ ಊರೂ ಸೇರಿದಂತೆ ಹಡಗು ಕಟ್ಟುವ ಊರುಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಜನ ಹಡಗು ಕಟ್ಟಿಯೋ ನಡೆಸಿಯೋ ಬದುಕುತ್ತಾರೆ ಎಂದು ಯುನೆಸ್ಕೊ ದಾಖಲೆ ಹೇಳುತ್ತದೆ. 2017ರಲ್ಲಿ ಈ ವಿದ್ಯೆಯನ್ನು ಅದು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಮುಖ್ಯ ಕುಶಲಕರ್ಮಿಗೆ ಅಲ್ಲಿ ಪನ್ರಿತಾ ಲೋಪಿ ಎನ್ನುತ್ತಾರೆ. ಲೋಪಿ ಎಂದರೆ ದೋಣಿ. ಪನ್ರಿತಾ ಬೇರೇನಲ್ಲ, ನಮ್ಮ 'ಪಂಡಿತ'ವೇ ಸಮುದ್ರ ದಾಟಿ ಹೋಗಿ ಹಾಗಾಗಿದೆ. ನಮ್ಮಲ್ಲಿ ನಾಟಿ ಔಷಧಿ ಕೊಡುವವರೂ ಪಂಡಿತರೇ. ಅಲ್ಲಿ ಬಾಚಿ ಹಿಡಿದವನೂ ಪಂಡಿತ. ಈ ಪಂಡಿತನ ಬಳಿ ನಕ್ಷೆ ಇರುವುದಿಲ್ಲ. ಅಡಿಮರದ ಉದ್ದ ಇಷ್ಟು ಎಂದರೆ ಹಲಗೆ ಎಷ್ಟು, ಯಾವ ಹಲಗೆ ಎಲ್ಲಿ ಕೂರಬೇಕು, ಎಲ್ಲಿ ಬಾಗಬೇಕು ಎಂಬುದೆಲ್ಲ ತಲೆಯೊಳಗೇ ಇರುತ್ತದೆ.

ನಾವು ಮನೆ ಕಟ್ಟುವಾಗ ಮೊದಲು ಕಂಬ, ಆಮೇಲೆ ಗೋಡೆ. ಈಚಿನ ಕಾಲದ ಹೆಚ್ಚಿನ ಮರದ ಹಡಗುಗಳಲ್ಲೂ ಅಷ್ಟೆ: ಮೊದಲು ಪಕ್ಕೆಲುಬು ನಿಲ್ಲಿಸಿ ಆಮೇಲೆ ಹಲಗೆ ಹೊದಿಸುತ್ತಾರೆ. ಇಲ್ಲಿ ತಿರುಗಾಮುರುಗಾ. ಮೊದಲು ಹಲಗೆಯ ಅಂಚಿಗೆ ಅಂಚು ಕೂಡಿಸಿ ಹೊರಮೈಯನ್ನೇ ಮೇಲೆಬ್ಬಿಸುತ್ತಾರೆ, ಪಕ್ಕೆಲುಬು ಬರುವುದು ಆಮೇಲೆ. ಹಲಗೆಯ ದಪ್ಪದೊಳಗೆ ಉದ್ದಕ್ಕೂ ತೂತು ಕೊರೆದು, ಉಲಿನ್ ಎಂಬ ಮರದ ಗೂಟಗಳನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಉಲಿನ್ ಎಷ್ಟು ಗಟ್ಟಿಯೆಂದರೆ ನೀರಿಗೆ ಹಾಕಿದರೆ ತೇಲುವುದಿಲ್ಲ, ಕಲ್ಲಿನಂತೆ ಮುಳುಗುತ್ತದೆ. ಅಂಚಿನ ಮೇಲೆ ಕಾಗದದಂತೆ ಪದರ ಪದರವಾಗಿ ಏಳುವ ಒಂದು ಬಗೆಯ ಮರದ ತೊಗಟೆಯನ್ನು ಹಾಸುತ್ತಾರೆ. ಮೇಲಿನ ಹಲಗೆಯ ತೂತುಗಳನ್ನು ಆ ಗೂಟಗಳಿಗೆ ಸರಿಯಾಗಿ ಹಿಡಿದು, ದೊಡ್ಡ ಕೊಡತಿಯಿಂದ ಬಡಿದು ಇಳಿಸುತ್ತಾರೆ. ಏಳೆಂಟು ಜನರ ಕೆಲಸ. ಒಂದು ತೂತು ಕೂದಲೆಳೆಯಷ್ಟು ಆಚೀಚೆ ಆದರೂ ಹಲಗೆ ಕೂರುವುದಿಲ್ಲ, ಕಿತ್ತು ಮತ್ತೆ ಶುರು. ಸಮುದ್ರಕ್ಕಿಳಿದ ಮೇಲೆ ತೊಗಟೆ ನೀರು ಕುಡಿದು ಉಬ್ಬುತ್ತದೆ, ಸಂದು ಮುಚ್ಚುತ್ತದೆ. ಹೊರಮೈಗೆ ಸುಣ್ಣ ಮತ್ತು ಕೊಬ್ಬರಿ ಎಣ್ಣೆ ಕುಟ್ಟಿದ ಮೆತ್ತೆ.

ನಮ್ಮ ಕರಾವಳಿಯ ರಂಪಣಿ ದೋಣಿಗಳನ್ನು ನೋಡಿದ ಹಿರಿಯರಿಗೆ ಇದು ತೀರ ಹೊಸತೆನಿಸಲಾರದು. ಅಲ್ಲೂ ಹಲಗೆಗೆ ಹಲಗೆ ಮೊದಲು. ಗೂಟದ ಬದಲು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿಗೆ. ನಮ್ಮ ಹೊಲಿಗೆ ಬಹುಮಟ್ಟಿಗೆ ನಿಂತುಹೋಯಿತು. ಅವರ ಗೂಟ ಉಳಿದಿದೆ. ಹಾಗೆಂದು ಅಲ್ಲೇನೂ ಕಾಲ ನಿಂತಿಲ್ಲ. ಕೈಬೈರಿಗೆಯ ಜಾಗಕ್ಕೆ ವಿದ್ಯುತ್ ಡ್ರಿಲ್ಲು, ಗರಗಸದ ಜಾಗಕ್ಕೆ ಚೈನ್‌ಸಾ ಬಂದಿವೆ. ಕಿವಿಗೆ ಹತ್ತಿ ಇಟ್ಟುಕೊಂಡೇ ದಂಡೆಯಲ್ಲಿ ಓಡಾಡಬೇಕು.

ಶುರುವಿನಲ್ಲಿ ಒಂದು ಶಾಸ್ತ್ರವಿದೆ. ಅಡಿಮರದ ಎರಡೂ ತುದಿಗಳನ್ನು ಅಷ್ಟಷ್ಟು ಕತ್ತರಿಸುತ್ತಾರೆ. ಮುಂದಿನ ತುದಿಯ ತುಂಡನ್ನು ಸಮುದ್ರಕ್ಕೆ ಎಸೆಯುತ್ತಾರೆ, ಅದು ದುಡಿಯಲು ಹೊರಟ ಗಂಡ. ಹಿಂದಿನ ತುದಿಯ ತುಂಡನ್ನು ಮನೆಗೆ ಒಯ್ದು ಜೋಪಾನ ಮಾಡುತ್ತಾರೆ, ಅದು ಕಾದು ಕೂತ ಹೆಂಡತಿ. ಕೊನೆಯಲ್ಲಿ ಇನ್ನೊಂದು ಶಾಸ್ತ್ರ. ಹಡಗನ್ನು ನೀರಿಗೆ ಇಳಿಸುವ ಮುನ್ನ ಪನ್ರಿತಾ ಲೋಪಿ ಅದರ ಹೊಟ್ಟೆಯೊಳಗೆ ಇಳಿದು, ಅಡಿಮರದ ನಟ್ಟನಡುವೆ ಸಣ್ಣದೊಂದು ತೂತು ಕೊರೆಯುತ್ತಾನೆ. ಅದು ಹೊಕ್ಕುಳು. ಹಡಗು ಅವನ ಮಗು; ಹೊಕ್ಕುಳು ಕೊಟ್ಟರೆ ಮಗು ಅವನ ಕೈಬಿಟ್ಟು ಹೊರಟಿತೆಂದು ಅರ್ಥ. ಆಮೇಲೆ ಊರವರೆಲ್ಲ ಹಗ್ಗಕ್ಕೆ ಕೈಹಾಕಿ, ದನಿಗೂಡಿಸಿ, ಉಬ್ಬರದ ಹೊತ್ತು ನೋಡಿ ಎಳೆಯುತ್ತಾರೆ. ದೊಡ್ಡ ಹಡಗಾದರೆ ಇಂಚಿಂಚು ಸರಿದು ನೀರು ಮುಟ್ಟಲು ದಿನಗಟ್ಟಲೆ ಹಿಡಿಯುತ್ತದೆ.

ಈ ವಿದ್ಯೆ ಎಲ್ಲಿಂದ ಬಂತು ಎಂದರೆ ಕತೆಯೊಂದನ್ನು ಹೇಳುತ್ತಾರೆ. ಸವೆರಿಗಡಿಂಗ್ ಎಂಬ ಪುರಾಣದ ವೀರನ ಹಡಗು ಒಡೆದು, ಅದರ ಚೂರುಗಳು ಆರಾ, ಲೆಮೊ ಲೆಮೊ, ಬಿರಾ ಎಂಬ ಮೂರು ಊರುಗಳ ದಂಡೆಗೆ ಬಂದವಂತೆ. ಹಾಗಾಗಿ ಕಟ್ಟುವ ಕೈ ಆರಾದವರದು, ನಯಗೊಳಿಸುವ ಕೈ ಲೆಮೊ ಲೆಮೊದವರದು, ಹಡಗು ನಡೆಸುವ ಕಸುಬು ಬಿರಾದವರದು. ಚರಿತ್ರೆಕಾರರ ಕತೆ ಇಷ್ಟು ಸೊಗಸಾಗಿಲ್ಲ. ಪಿನಿಸಿ ಎಂಬುದು ಹಡಗಿನ ಒಡಲಿನ ಹೆಸರೇ ಅಲ್ಲ, ಹಾಯಿ ಕಟ್ಟುವ ಒಂದು ಪದ್ಧತಿಯ ಹೆಸರು ಎನ್ನುತ್ತಾರೆ ಅವರು. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನವರ ಹಡಗುಗಳನ್ನು ನೋಡಿ ಸ್ಥಳೀಯರು ಅವರ ಹಾಯಿಯನ್ನು ತಮ್ಮ ಒಡಲಿಗೆ ತೊಡಿಸಿದರು. ಮೊದಲ ನಿಜವಾದ ಪಿನಿಸಿಯನ್ನು 1906ರ ಹೊತ್ತಿಗೆ ಆರಾ ಮತ್ತು ಲೆಮೊ ಲೆಮೊದವರು ಬಿರಾದ ನಾವಿಕನೊಬ್ಬನಿಗೆ ಕಟ್ಟಿಕೊಟ್ಟರಂತೆ. ಎರಡು ಕಂಬ, ಏಳು ಹಾಯಿ: ಮೂತಿಯ ಕಡೆ ಮೂರು ತ್ರಿಕೋನ, ಕಂಬಕ್ಕೊಂದರಂತೆ ಎರಡು ದೊಡ್ಡವು, ಅವುಗಳ ನೆತ್ತಿಯ ಮೇಲೆ ಎರಡು ಸಣ್ಣವು. ದೊಡ್ಡ ಹಾಯಿಗಳನ್ನು ಮೇಲಕ್ಕೆ ಏರಿಸುವುದಿಲ್ಲ, ನಾಟಕದ ಪರದೆ ಸರಿಸಿದ ಹಾಗೆ ಅಡ್ಡಕ್ಕೆ ಎಳೆಯುತ್ತಾರೆ. ಕಡಿಮೆ ಜನ ಸಾಕು.

ಹಾಯಿಯಲ್ಲೇ ಅಕ್ಕಿ, ಸಿಮೆಂಟು, ಮರ ಹೊತ್ತು ದ್ವೀಪದಿಂದ ದ್ವೀಪಕ್ಕೆ ಓಡಾಡಿದ ಈ ಹಡಗುಗಳಿಗೆ 1970ರ ದಶಕದಲ್ಲಿ ಎಂಜಿನ್ ಬಂತು. ಮೊದಲು ಹಾಯಿಗೆ ಎಂಜಿನ್ ಸಹಾಯಕ, ಆಮೇಲೆ ಎಂಜಿನ್‌ಗೆ ಹಾಯಿ ಸಹಾಯಕ, ಕಡೆಗೆ ಹಾಯಿಯೇ ಇಲ್ಲ. ಜಕಾರ್ತದ ಸುಂದಾ ಕೆಲಾಪಾ ಬಂದರಿನಲ್ಲಿ ಸಾಲುಗಟ್ಟಿ ನಿಂತ ಮರದ ಸರಕು ಹಡಗುಗಳಿಗೆ ಹಾಯಿ ಕಟ್ಟಿದ್ದನ್ನು ಕಂಡವರು ಈಗ ಅಪರೂಪ. 1986ರಲ್ಲಿ ಪಿನಿಸಿ ನುಸಂತಾರ ಎಂಬ ಹಡಗು ಪೆಸಿಫಿಕ್ ದಾಟಿ ಕೆನಡಾದ ವ್ಯಾಂಕೂವರ್‌ನ ವಸ್ತುಪ್ರದರ್ಶನಕ್ಕೆ ಹೋಗಿ ಮುಟ್ಟಿದಾಗ ದೇಶವೆಲ್ಲ ಹಿಗ್ಗಿತು. ಹಿಗ್ಗಿನಿಂದ ಹಾಯಿ ಮರಳಲಿಲ್ಲ. ಮರಳಿಸಿದ್ದು ಪ್ರವಾಸಿಗರು.

ಪ್ರಾಣಿ ಪಕ್ಷಿ ನೋಡಲೆಂದು ಈ ಸಮುದ್ರದಲ್ಲಿ ಹಾಯಿಹಡಗು ಹತ್ತಿದ ದೊಡ್ಡ ಹೆಸರೆಂದರೆ ಇಂಗ್ಲಿಷ್ ನಿಸರ್ಗವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೆಸ್. ಅವನು 1856ರ ಡಿಸೆಂಬರಿನಲ್ಲಿ ಮಕಸ್ಸರ್‌ನಿಂದ ಸ್ಥಳೀಯರ ಹಡಗಿನಲ್ಲಿ ಆರು ದ್ವೀಪಗಳಿಗೆ ಹೊರಟ. (ಸಂಖ್ಯೆಯಲ್ಲ, ಆ ದ್ವೀಪಸ್ತೋಮದ ಹೆಸರೇ ಆರು.) ಬಣ್ಣದ, ಟಾರಿನ ನಾತವಿಲ್ಲದ, ಬಿದಿರು ಮತ್ತು ಗರಿಯ ಹೊದಿಕೆಯ ಆ ಹಡಗಿನಲ್ಲಿ ತನಗೆ ಎಷ್ಟು ಹಾಯೆನಿಸಿತೆಂದು ಬರೆದಿಟ್ಟಿದ್ದಾನೆ. ಅವನು ಬೆನ್ನುಹತ್ತಿದ್ದು ಸ್ವರ್ಗದ ಹಕ್ಕಿಗಳನ್ನು. ಕೊಮೊಡೊದ ಉಡದ ಸುದ್ದಿ ವಿಜ್ಞಾನಿಗಳ ಕಿವಿಗೆ ಬೀಳಲು ಇನ್ನೂ ಅರ್ಧ ಶತಮಾನ ಬೇಕಿತ್ತು.

ಈಗ ಉಡ ನೋಡುವ ಪ್ರವಾಸದ ಬಾಗಿಲು ಫ್ಲೋರೆಸ್ ದ್ವೀಪದ ಪಶ್ಚಿಮ ತುದಿಯ ಲಾಬುವಾನ್ ಬಾಜೊ. ಅಲ್ಲಿ ಲಂಗರು ಹಾಕಿದ ಪಿನಿಸಿಗಳ ಒಳಗೆ ಏಸಿ ಕೋಣೆ, ಬಿಸಿನೀರು, ಮೆತ್ತನೆಯ ಹಾಸಿಗೆ. ನಾವು ಹತ್ತಿದ್ದು ಅಷ್ಟು ಭಾರಿಯದಲ್ಲ. ಎರಡು ರಾತ್ರಿ, ಮೂರು ಹಗಲು. ಕಪ್ತಾನನನ್ನು ಅಲ್ಲಿ ನಖೋಡಾ ಎನ್ನುತ್ತಾರೆ. ನಮ್ಮ ಕರಾವಳಿಯ ಹಳೆಯ ಹಡಗಿನವರ 'ನಾಖುದಾ'ನೇ. ಈ ಒಂದು ಪದದ ಬಲದಿಂದ ಅವರೊಂದಿಗೆ ನನಗೆ ಸಲಿಗೆ ಬೆಳೆಯಿತು. ಎಂಜಿನ್ ಗುಡುಗುಡು ಎನ್ನುತ್ತಲೇ ಇತ್ತು. ಸಂಜೆಯವರೆಗೆ ಕಾದು ಕೇಳಿದೆ, ಹಾಯಿ ಯಾವಾಗ ಬಿಚ್ಚುತ್ತೀರಿ? "ನಾಳೆ ಬೆಳಿಗ್ಗೆ," ಅಂದರು. ಗಾಳಿ ನಾಳೆ ಬರುತ್ತದೆಯೇ? "ಗಾಳಿಗಲ್ಲ, ಡ್ರೋನಿಗೆ."

ನಗು ಬಂತು, ಬೇಸರವೂ ಆಯಿತು. ಆದರೆ ಈ ನೀರನ್ನು ನೋಡಿದ ಮೇಲೆ ಎಂಜಿನ್ನನ್ನು ಬೈಯುವ ಧೈರ್ಯ ನನಗಿಲ್ಲ. ಪೆಸಿಫಿಕ್ ಕಡೆ ನೀರಿನ ಮಟ್ಟ ಹಿಂದೂ ಮಹಾಸಾಗರದ ಕಡೆಗಿಂತ ತುಸು ಎತ್ತರ. ಆ ನೀರೆಲ್ಲ ಈ ದ್ವೀಪಗಳ ಸಂದುಗಳಲ್ಲಿ ನುಗ್ಗಿ ಇಳಿಯುತ್ತದೆ. ನಡುಗಡಲಿನಲ್ಲಿ ನೀರು ಅನ್ನದ ಪಾತ್ರೆಯಂತೆ ಕುದಿಯುತ್ತಿರುವುದು ಕಣ್ಣಿಗೇ ಕಾಣುತ್ತದೆ. ಹಡಗುಗಳು ಮಗುಚಿದ್ದೂ ಉಂಟು, ಜೀವಗಳು ಹೋದದ್ದೂ ಉಂಟು. ಆಳದ ತಣ್ಣೀರನ್ನೂ ಅದರ ಜತೆಗಿನ ಮೇವನ್ನೂ ಮೇಲಕ್ಕೆ ತರುವುದು ಇದೇ ಸೆಳವು. ಹವಳ ದಟ್ಟವಾಗಿರುವುದಕ್ಕೆ, ಚಾದರ ಹಾಸಿದಂಥ ಮಂಟಾ ತೊರಕೆ ಮೀನುಗಳು ಬಾಯಿ ತೆರೆದು ತೇಲಿಬರುವುದಕ್ಕೆ ಅದೇ ಕಾರಣ.

ಉಡ ಸಿಕ್ಕಿದ್ದು ರಿಂಚಾ ದ್ವೀಪದಲ್ಲಿ, ಅಡುಗೆಮನೆಯೊಂದರ ನೆರಳಿನಲ್ಲಿ ಹೊಟ್ಟೆ ಹಾಸಿ ಮಲಗಿತ್ತು. ಕವಲು ಕೋಲು ಹಿಡಿದ ಕಾವಲುಗಾರ ಜತೆಗಿದ್ದ. ನಮ್ಮ ಹೊಲದ ಉಡದ ಕುಲದ್ದೇ ಇದು, ಮೂರು ಮೀಟರ್‌ವರೆಗೆ ಬೆಳೆಯುತ್ತದೆ. 1912ರಲ್ಲಿ ಬೋಗೊರ್ ಸಂಗ್ರಹಾಲಯದ ಪೀಟರ್ ಔವೆನ್ಸ್ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟ. ಹಿಡಿದದ್ದನ್ನು ಬಿಡದಿದ್ದರೆ ಕನ್ನಡದಲ್ಲಿ ಉಡದ ಪಟ್ಟು ಎನ್ನುತ್ತೇವೆ. ಈ ಉಡಕ್ಕೆ ಪಟ್ಟು ಹಿಡಿಯಲೇಬೇಕೆಂದಿಲ್ಲ. ಕಚ್ಚಿ ಸೀಳುತ್ತದೆ, ಜಿಂಕೆ ತಪ್ಪಿಸಿಕೊಂಡರೆ ಹೋಗಲಿ ಎಂದು ಬಿಟ್ಟು, ನಾಲಿಗೆಯಲ್ಲಿ ವಾಸನೆ ಹಿಡಿದು ಹಿಂದೆ ಹೋಗುತ್ತದೆ. ಅದರ ದವಡೆಯಲ್ಲಿ ವಿಷದ ಗ್ರಂಥಿಗಳಿವೆ ಎಂದು 2009ರಲ್ಲಿ ಸಂಶೋಧಕರು ತೋರಿಸಿದರು. ಮರಿಗಳು ಮರದ ಮೇಲೆ ಬೆಳೆಯುತ್ತವೆ, ಕೆಳಗಿಳಿದರೆ ದೊಡ್ಡವು ತಿಂದುಹಾಕುತ್ತವೆ. ಊರವರ ಪಾಲಿಗೆ ಮಾತ್ರ ಅದು ಒಡಹುಟ್ಟು. ಒಬ್ಬ ರಾಜಕುಮಾರಿಗೆ ಅವಳಿ ಹುಟ್ಟಿತಂತೆ, ಒಂದು ಗಂಡುಮಗು, ಇನ್ನೊಂದು ಉಡ.

1980ರಲ್ಲಿ ಈ ದ್ವೀಪಗಳ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು, 1991ರಲ್ಲಿ ವಿಶ್ವ ಪರಂಪರೆಯ ತಾಣ. 2021ರಲ್ಲಿ ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಈ ಉಡವನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಏರಿಸಿತು. ಏರುವ ಸಮುದ್ರ ಅದರ ತಗ್ಗಿನ ನೆಲೆಗಳನ್ನು ನುಂಗಬಹುದೆಂಬ ಆತಂಕ. ಜನಸಂದಣಿ ತಗ್ಗಿಸಲು 2022ರಲ್ಲಿ ಪ್ರವೇಶಕ್ಕೆ 37.5 ಲಕ್ಷ ರುಪಯಾ, ಅಂದರೆ ನಮ್ಮ ಸುಮಾರು ಇಪ್ಪತ್ತು ಸಾವಿರ ರೂಪಾಯಿ, ನಿಗದಿ ಮಾಡಿದಾಗ ಲಾಬುವಾನ್ ಬಾಜೊದ ಪ್ರವಾಸೋದ್ಯಮದವರು ಮುಷ್ಕರ ಹೂಡಿದರು. ಸರ್ಕಾರ ಹಿಂದೆ ಸರಿಯಿತು. ಇಬ್ಬರ ಮಾತಿನಲ್ಲೂ ಹುರುಳಿತ್ತು ಎಂದೇ ನನಗನಿಸುತ್ತದೆ.

ಸಂಜೆ ಕಲೊಂಗ್ ಎಂಬ ಕಾಂಡ್ಲಾ ದ್ವೀಪದ ಪಕ್ಕ ಲಂಗರು ಬಿತ್ತು. ಎಂಜಿನ್ ನಿಂತಿತು. ಸೂರ್ಯ ಮುಳುಗುತ್ತಿದ್ದಂತೆ ಮರಗಳೊಳಗಿಂದ ಹಣ್ಣುಬಾವಲಿಗಳು ಎದ್ದವು. ಮೊದಲು ಹತ್ತಾರು, ಆಮೇಲೆ ಎಣಿಕೆಗೆ ಸಿಗದಷ್ಟು. ಫ್ಲೋರೆಸ್‌ನ ಹಣ್ಣಿನ ತೋಟಗಳತ್ತ ಅವು ಸಾವಕಾಶ ರೆಕ್ಕೆ ಬಡಿಯುತ್ತ ತಲೆಯ ಮೇಲೇ ಹಾದುಹೋದವು. ಎಲ್ಲರೂ ಮೇಲೆ ನೋಡುತ್ತಿದ್ದರು. ನಾನು ಕೂತಿದ್ದ ಹಲಗೆಯ ಮೇಲೆ ಕೈಯಾಡಿಸಿದೆ. ಬಣ್ಣದ ಕೆಳಗೆ ಬಾಚಿಯ ಗುರುತು ಬೆರಳಿಗೆ ಹತ್ತಿತು.

ಈ ಪ್ರವಾಸಿ ಹಡಗುಗಳು ಇಲ್ಲದಿದ್ದರೆ ತಾನಾ ಬೆರುವಿನ ದಂಡೆಯಲ್ಲಿ ಕೊಡತಿಯ ಸದ್ದು ಎಷ್ಟು ಕೇಳುತ್ತಿತ್ತೋ. ಕಬ್ಬಿಣದ ಹಡಗುಗಳ ಎದುರು ಮರದ ಸರಕು ಹಡಗು ಹಿಂದೆ ಬಿದ್ದಿದೆ. ಒಳ್ಳೆಯ ಮರವೂ ದೂರದಿಂದ ಬರಬೇಕು. ಮರ ಇರುವಲ್ಲಿಗೇ, ಕಲಿಮಂಟನ್ ಕಾಡಿನ ಬದಿಗೇ, ಹೋಗಿ ಹಡಗು ಕಟ್ಟಿಬರುವ ಪಂಡಿತರಿದ್ದಾರೆ. ಒಡೆಯರು ಜಕಾರ್ತದವರು, ಬಾಲಿಯವರು, ಒಮ್ಮೊಮ್ಮೆ ಹೊರದೇಶದವರು.

ನಖೋಡಾ ಸಿಗರೇಟು ಹಚ್ಚಿ ಪಕ್ಕದಲ್ಲಿ ಕೂತರು. ಅವರು ಬಿರಾದ ಕಡೆಯವರೇ. ಅಡಿಮರದ ಮುಂದಿನ ತುಂಡು ಸಮುದ್ರಕ್ಕೆ ಹೋಯಿತು, ಸರಿ. ಈ ಹಡಗಿನ ಹಿಂದಿನ ತುಂಡು ಯಾರ ಮನೆಯಲ್ಲಿದೆ ಎಂದು ಕೇಳಿದೆ. ಅವರು ಒಂದು ಗಳಿಗೆ ಯೋಚಿಸಿದರು. ಒಡೆಯರನ್ನು ಕೇಳಬೇಕು, ಅಂದರು. ಆಮೇಲೆ ನಕ್ಕು, ಅವರ ಮನೆ ಇಪ್ಪತ್ತನೆಯ ಮಹಡಿಯಲ್ಲಿದೆಯಂತೆ, ಅಂದರು.