ಗೆರೆ ಎಳೆದುಕೊಂಡು ಹೊರಟ ಪ್ರವಾಸ

ವಾರಾಂತ್ಯ ಬಂತೆಂದರೆ ಊರು ಬಿಡುವುದು ಇಂದಿನ ಗೃಹಸ್ಥ ಜೀವನದ ರೂಢಿಯಾಗಿದೆ. ಎರಡು ದಿನಗಳ ಬಿಡುವು, ಒಂದು ಹಳೆಯ ಊರು, ನೋಡಬೇಕಾದ ಗುಡಿ-ಅರಮನೆಗಳು, ತಿನ್ನಲೇಬೇಕಾದ ತಿನಿಸುಗಳ ಪಟ್ಟಿ. ಹೊರಡುವಾಗಿನ ಉತ್ಸಾಹ ಹಿಂದಿರುಗುವಾಗ ಆಯಾಸವಾಗಿರುತ್ತದೆ. ಎಷ್ಟೋ ಕಂಡೆವು, ಎಷ್ಟೋ ಉಂಡೆವು; ಮನಸ್ಸಿನಲ್ಲಿ ಉಳಿದದ್ದು ಮಾತ್ರ ಅಲ್ಪ. ಸಂಚಾರವೂ ಆಹಾರವೂ ಜೈನ ಶ್ರಾವಕಾಚಾರವು ಸೂಕ್ಷ್ಮವಾಗಿ ಚಿಂತಿಸಿರುವ ವಿಷಯಗಳು. ಮುನಿಗಳಿಗೆ ಮಹಾವ್ರತಗಳನ್ನು ವಿಧಿಸಿದ ಆಚಾರ್ಯರು, ಮನೆ-ಮಕ್ಕಳೊಡನೆ ಬಾಳುವ ಗೃಹಸ್ಥನ ತಿರುಗಾಟವನ್ನೂ ತಟ್ಟೆಯನ್ನೂ ಮರೆಯಲಿಲ್ಲ.

ಬೆಂಗಳೂರಿನಿಂದ ಮೂಡುಬಿದಿರೆಗೆ ಹೊರಟ ಒಂದು ಮನೆಯವರ ಪ್ರವಾಸವನ್ನು ಇದಕ್ಕೆ ದೃಷ್ಟಾಂತವಾಗಿ ನೋಡಬಹುದು. ಅಜ್ಜಿ, ಮಗ, ಸೊಸೆ, ಕಾಲೇಜು ಓದುತ್ತಿರುವ ಮೊಮ್ಮಗಳು. ಮೊಮ್ಮಗಳ ಮೊಬೈಲಿನಲ್ಲಿ ಹದಿನಾಲ್ಕು ಹೆಸರುಗಳ ಪಟ್ಟಿ. ಅದರಲ್ಲಿ ಬಸದಿಗಳು ಐದು, ಉಳಿದವೆಲ್ಲ ತಿನಿಸು. ಅಜ್ಜಿಯ ಕೈಚೀಲದಲ್ಲಿ ನೀರು ಸೋಸುವ ಬಿಳಿಯ ಬಟ್ಟೆ ಮತ್ತು ಜಪಮಾಲೆ. ಊರು ತಲುಪಿದ ಬೆಳಿಗ್ಗೆ ಸ್ನಾನ ಮುಗಿಸಿದ ಅಜ್ಜಿ ಕಣ್ಣುಮುಚ್ಚಿ ಸಂಕಲ್ಪ ಮಾಡಿದರು: ನಾಳೆಯ ಸೂರ್ಯಾಸ್ತದವರೆಗೆ ಉತ್ತರಕ್ಕೆ ಕಾರ್ಕಳ, ಪೂರ್ವಕ್ಕೆ ವೇಣೂರು, ಉಳಿದ ದಿಕ್ಕುಗಳಲ್ಲಿ ಈ ಊರಿನ ಎಲ್ಲೆ, ಅದರಾಚೆ ಹೋಗುವುದಿಲ್ಲ. ಮೊಮ್ಮಗಳ ಮುಖ ಸಪ್ಪಗಾಯಿತು. ಪಟ್ಟಿಯ ಆರು ಹೆಸರುಗಳು ಮಂಗಳೂರಿನವು.

ಅಜ್ಜಿ ಕೈಗೊಂಡದ್ದು ದೇಶವ್ರತ. ಗೃಹಸ್ಥನ ಐದು ಅಣುವ್ರತಗಳಿಗೆ ಬಲ ನೀಡುವ ಏಳು ಶೀಲವ್ರತಗಳಲ್ಲಿ ಇದೊಂದು. ದಿಕ್ಕುಗಳಿಗೆ ಜೀವನಪರ್ಯಂತ ಮಿತಿ ಹಾಕಿಕೊಳ್ಳುವುದು ದಿಗ್ವ್ರತ. ಆ ವಿಶಾಲ ಮಿತಿಯೊಳಗೆ ಕೆಲವು ದಿನ, ಪಕ್ಷ ಅಥವಾ ತಿಂಗಳ ಮಟ್ಟಿಗೆ ಇನ್ನೂ ಕಿರಿದಾದ ಗೆರೆ ಎಳೆದುಕೊಳ್ಳುವುದು ದೇಶವ್ರತ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಇದನ್ನು ದೇಶಾವಕಾಶಿಕವೆಂದು ಕರೆದಿದ್ದಾರೆ. ಎಲ್ಲೆಯ ಗುರುತುಗಳನ್ನೂ ಅವರು ಸೂಚಿಸಿದ್ದಾರೆ. ದಿಗ್ವ್ರತಕ್ಕೆ ಸಮುದ್ರ, ನದಿ, ಅಡವಿ, ಪರ್ವತಗಳು. ದೇಶವ್ರತಕ್ಕೆ ಮನೆ, ಊರು, ಹೊಲಗಳಂಥ ಹತ್ತಿರದ ಗುರುತುಗಳು. ಎಲ್ಲರೂ ಬಲ್ಲ ಗುರುತು ಬೇಕು, ಏಕೆಂದರೆ ಮಸುಕಾದ ಗೆರೆಯನ್ನು ಮನಸ್ಸು ತನಗೆ ಬೇಕಾದಂತೆ ಹಿಗ್ಗಿಸಿಕೊಳ್ಳುತ್ತದೆ.

ಈ ಗೆರೆಯಿಂದ ಏನು ಲಾಭ? ಆಚಾರ್ಯರ ಉತ್ತರ ಗಂಭೀರವಾದುದು. ಗೃಹಸ್ಥನು ಅಣುವ್ರತಿ, ಅವನಿಂದ ಸ್ಥೂಲವಾದ ಹಿಂಸೆ ಮಾತ್ರ ತಪ್ಪುತ್ತದೆ, ಸೂಕ್ಷ್ಮವಾದುದು ತಪ್ಪುವುದಿಲ್ಲ. ಅಡುಗೆ, ಬೇಸಾಯ, ವ್ಯಾಪಾರ, ಪ್ರಯಾಣ ಎಲ್ಲದರಲ್ಲಿಯೂ ಜೀವಬಾಧೆಯಿದೆ. ಆದರೆ ತಾನು ಎಳೆದ ಗೆರೆಯ ಆಚೆಗೆ ಅವನ ಆಸೆಯೂ ಇಲ್ಲ, ವ್ಯವಹಾರವೂ ಇಲ್ಲ. ಆದ್ದರಿಂದ ಅಷ್ಟು ಜಗತ್ತಿನ ಮಟ್ಟಿಗೆ ಅವನ ಕಿರಿಯ ವ್ರತವೇ ಮಹಾವ್ರತದ ಹಿರಿಮೆಯನ್ನು ಪಡೆಯುತ್ತದೆ. ಸಂಸಾರದಲ್ಲಿದ್ದುಕೊಂಡೇ ಭೂಮಿಯ ಬಹುಭಾಗಕ್ಕೆ ಅಭಯ ನೀಡುವ ದಾರಿ ಇದು.

ಮೂಡುಬಿದಿರೆಯಲ್ಲಿ ನಿಂತು ಯೋಚಿಸಿದರೆ ಈ ವ್ರತದ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. ‘ಜೈನಕಾಶಿ’ ಎಂದು ಹೆಸರಾದ, ಹದಿನೆಂಟು ಬಸದಿಗಳ ಈ ಊರು ವರ್ತಕರ ಊರೂ ಆಗಿತ್ತು. ವಿಜಯನಗರದ ದೇವರಾಯನ ಕಾಲದಲ್ಲಿ, ಕ್ರಿ.ಶ. 1430ರ ಸುಮಾರಿಗೆ ಎದ್ದ ತ್ರಿಭುವನತಿಲಕ ಚೂಡಾಮಣಿ ಚೈತ್ಯಾಲಯವನ್ನು ಜನ ಸಾವಿರ ಕಂಬದ ಬಸದಿ ಎಂದೇ ಕರೆಯುತ್ತಾರೆ. ಕರಾವಳಿಯ ಬಿರುಮಳೆಯನ್ನು ತಡೆಯುವ ಇಳಿಜಾರು ಮಾಡುಗಳು, ಒಂದರ ಮೇಲೊಂದರಂತೆ ಮೂರು ಅಂತಸ್ತು, ಎದುರಿಗೆ ಮಾನಸ್ತಂಭ, ಒಳಗೆ ಎಂಟನೆಯ ತೀರ್ಥಂಕರನಾದ ಚಂದ್ರನಾಥನ ಲೋಹಬಿಂಬ. ಕಂಬದಿಂದ ಕಂಬಕ್ಕೆ ಕೆತ್ತನೆ ಬೇರೆ. ಇಲ್ಲಿಯ ಶಿಲ್ಪಗಳ ನಡುವೆ ಜಿರಾಫೆಯೂ ಚೀನಾದ ಡ್ರ್ಯಾಗನ್ನೂ ಇವೆ. ಈ ನೆಲದಲ್ಲಿಲ್ಲದ ಪ್ರಾಣಿಯನ್ನು ಇಲ್ಲಿಯ ಶಿಲ್ಪಿ ಕಂಡರಿಸಬೇಕಾದರೆ, ಅದರ ಸುದ್ದಿಯನ್ನೋ ಚಿತ್ರವನ್ನೋ ಕಡಲಾಚೆಯ ವ್ಯಾಪಾರ ಇಲ್ಲಿಗೆ ತಂದಿರಬೇಕು.

ಹೀಗೆ ದೂರದ ದಿಕ್ಕುಗಳೊಡನೆ ನಂಟಿದ್ದ ಸಮಾಜಕ್ಕೆ ದಿಗ್ವ್ರತವು ಒಣ ಉಪದೇಶವಾಗಿರಲಿಲ್ಲ. ಇನ್ನೊಂದು ಬಂದರು, ಇನ್ನೊಂದು ಲಾಭ ಎಂದು ಮುಂದುಮುಂದಕ್ಕೆ ಸೆಳೆಯುವ ಲೋಭಕ್ಕೆ ಅದು ಕಡಿವಾಣ. ಇಂದಿನ ಪ್ರವಾಸಿಗನ ಲೋಭ ಹಣದ್ದಲ್ಲ, ನೋಟದ್ದು ಮತ್ತು ನಾಲಿಗೆಯದು. ಹೆಸರು ಬೇರೆಯಾದರೂ ಸೆಳೆತ ಒಂದೇ.

ಬಸದಿಯೊಳಗೆ ಮೊಮ್ಮಗಳು ಮೊದಲ ಕಾಲುಗಂಟೆಯಲ್ಲಿ ನೂರಾರು ಚಿತ್ರ ತೆಗೆದಳು. ಅಜ್ಜಿ ಒಂದು ಕಂಬದ ಬಳಿ ಕುಳಿತು ಅದರ ಬಳ್ಳಿಯ ಕೆತ್ತನೆಯನ್ನು ಕೆಳಗಿನಿಂದ ಮೇಲಿನವರೆಗೆ ನಿಧಾನವಾಗಿ ನೋಡುತ್ತಿದ್ದರು. ಬೇಸರವಾಗಿ ಪಕ್ಕದಲ್ಲಿ ಬಂದು ಕುಳಿತ ಮೊಮ್ಮಗಳಿಗೆ ಬಳ್ಳಿಯ ನಡುವೆ ಅಡಗಿದ್ದ ಒಂದು ಪುಟ್ಟ ಹಕ್ಕಿ ಕಾಣಿಸಿತು. ತೆಗೆದ ಚಿತ್ರಗಳಲ್ಲಿ ಆ ಕಂಬವಿತ್ತು. ಹಕ್ಕಿಯನ್ನು ಮಾತ್ರ ಅವಳು ಆಗ ಕಂಡಿರಲಿಲ್ಲ.

ಸಂಜೆ ನಾಲ್ಕೂವರೆಗೆ ಎಲ್ಲರೂ ಊರಿನ ಒಂದು ಹೋಟೆಲಿನಲ್ಲಿ ಕುಳಿತರು. ಅಜ್ಜಿಯದು ಅನಸ್ತಮಿತ ಭೋಜನ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಯಬೇಕು. ಮೊಮ್ಮಗಳು ಗೋಳಿಬಜೆ, ಬನ್ಸ್, ಪತ್ರೊಡೆ, ಕೊಟ್ಟೆ ಕಡುಬು, ನೀರುದೋಸೆ ಎಲ್ಲವನ್ನೂ ತರಿಸಿದಳು. ಗೋಳಿಬಜೆಯ ಹಿಟ್ಟಿಗೆ ಹಸಿಶುಂಠಿ ಹಾಕಿದೆಯೇ ಎಂದು ಅಜ್ಜಿ ವಿಚಾರಿಸಿದರು. ಹಾಕಿದೆ ಎಂದು ತಿಳಿದಾಗ ತಟ್ಟೆಯನ್ನು ಮೆಲ್ಲನೆ ಮಗನತ್ತ ಸರಿಸಿದರು. ಬನ್ಸಿನ ಹಿಟ್ಟು ರಾತ್ರಿ ಕಲಸಿಟ್ಟದ್ದೆಂದು ಅದನ್ನೂ ಬಿಟ್ಟರು. ಅಕ್ಕಿಯನ್ನು ನೆನೆಸಿ ರುಬ್ಬಿ, ಹುಳಿ ಬರಿಸದೆ ಹುಯ್ಯುವ ನೀರುದೋಸೆ ಮಾತ್ರ ಅವರಿಗೆ ಒಪ್ಪಿಗೆಯಾಯಿತು. ಕಾಯಿಬೆಲ್ಲದೊಡನೆ ಎರಡು ದೋಸೆ ತಿಂದು, ಇನ್ನೊಂದು ಬೇಕೆನ್ನಿಸಿದಾಗ ಕೈ ತೊಳೆದರು.

ಹಸಿಶುಂಠಿಯ ಪ್ರಸ್ತಾಪ ‘ರತ್ನಕರಂಡಕ’ದಲ್ಲಿಯೇ ಇದೆ. ಮೂಲಂಗಿ, ಹಸಿಶುಂಠಿ ಮೊದಲಾದವನ್ನು ಬಿಡಬೇಕೆನ್ನುವ ಆಚಾರ್ಯರು ನೀಡುವ ಕಾರಣ, ಅವುಗಳಲ್ಲಿ ಫಲ ಅಲ್ಪ, ಘಾತ ಬಹಳ ಎಂಬುದು. ನೆಲದೊಳಗೆ ಬೆಳೆಯುವ ಕಂದಮೂಲಗಳ ಒಂದು ಶರೀರದಲ್ಲಿ ಅನಂತ ಜೀವಗಳು ನೆಲೆಸಿರುತ್ತವೆ. ಕ್ಷಣಕಾಲದ ಖಾರಕ್ಕಾಗಿ ಅಷ್ಟು ಜೀವಗಳ ನಾಶವೇಕೆ? ನಿಷೇಧಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಈ ತೂಕವನ್ನು ಕಲಿಯುವುದು ಮುಖ್ಯ. ‘ಅಲ್ಪಫಲ, ಬಹುವಿಘಾತ’ ಎಂಬ ತಕ್ಕಡಿಯಲ್ಲಿ ಅಡುಗೆಯ ಪದಾರ್ಥವನ್ನಷ್ಟೇ ಅಲ್ಲ, ಕೊಳ್ಳುವ ವಸ್ತುವನ್ನೂ ಮಾಡುವ ಪಯಣವನ್ನೂ ತೂಗಬಹುದು.

ಅಜ್ಜಿ ಮೂರನೆಯ ದೋಸೆಯನ್ನು ಬಿಟ್ಟದ್ದು ಬೇರೆಯೇ ಮಾತು. ಅದು ಅಭಕ್ಷ್ಯವಲ್ಲ, ದೊರೆಯದ್ದೂ ಅಲ್ಲ, ಬೇಡವಾದದ್ದೂ ಅಲ್ಲ. ಒಗ್ಗದ್ದನ್ನು ಬಿಡುವುದು ಆರೋಗ್ಯದ ಲೆಕ್ಕ. ದೊರೆಯದ್ದನ್ನು ಬಿಡುವುದು ಅನಿವಾರ್ಯ. ತನಗೆ ಯೋಗ್ಯವಾದುದನ್ನೇ ತಿಳಿದು, ಸಂಕಲ್ಪಿಸಿ ಬಿಡುವುದು ವ್ರತವೆಂದು ಶ್ರಾವಕಾಚಾರ ಹೇಳುತ್ತದೆ. ಒಮ್ಮೆ ಅನುಭವಿಸಿ ಮುಗಿಯುವ ಆಹಾರಾದಿಗಳು ಭೋಗ. ಮತ್ತೆಮತ್ತೆ ಬಳಸುವ ಉಡುಪು, ವಾಹನಾದಿಗಳು ಉಪಭೋಗ. ಎರಡಕ್ಕೂ ಅಳತೆ ಹಾಕಿಕೊಳ್ಳುವುದು ಭೋಗೋಪಭೋಗ ಪರಿಮಾಣ ವ್ರತ. ಕಾಲದ ಗಡಿಯಿದ್ದರೆ ಅದು ನಿಯಮ, ಬಾಳಿನುದ್ದಕ್ಕೂ ಆದರೆ ಯಮ. ಹಸಿವು ಪೂರ್ತಿ ಇಂಗುವ ಮೊದಲೇ ಏಳುವ ಅವಮೋದರ್ಯಕ್ಕೆ ಆರು ಬಾಹ್ಯ ತಪಸ್ಸುಗಳಲ್ಲಿ ಉಪವಾಸದ ನಂತರದ ಸ್ಥಾನವಿದೆ.

ಮೇಜಿನ ಮೇಲೆ ಅರ್ಧ ಕಡುಬು, ಒಂದು ಬನ್ಸ್, ಮುರಿದಿಟ್ಟ ಪತ್ರೊಡೆ ಉಳಿದವು. ಅಜ್ಜಿ ಒಂದು ಮಾತನ್ನೂ ಆಡಲಿಲ್ಲ. ಮಾಣಿ ತಟ್ಟೆಗಳನ್ನು ಎತ್ತಿಕೊಂಡು ಹೋಗುವವರೆಗೆ ಅವನ್ನೇ ನೋಡುತ್ತಿದ್ದರು. ಆ ಮೌನ ಮೊಮ್ಮಗಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅಂಥ ಉಳಿಕೆಯನ್ನು ಶಾಸ್ತ್ರವು ಅನರ್ಥದಂಡದ ಸಾಲಿಗೆ ಸೇರಿಸುತ್ತದೆ. ಪ್ರಯೋಜನವಿಲ್ಲದೆ ಮಾಡುವ ಹಿಂಸೆಯೇ ಅನರ್ಥದಂಡ. ಅಗತ್ಯಕ್ಕೆ ಮೀರಿ ಭೋಗವಸ್ತುಗಳನ್ನು ಕೂಡಿಹಾಕುವುದು ಆ ವ್ರತಕ್ಕೆ ತಗಲುವ ಅತಿಚಾರಗಳಲ್ಲೊಂದು. ಸುಮ್ಮನೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಮುರಿಯುವುದು ಪ್ರಮಾದಚರ್ಯೆ. ಸಮಂತಭದ್ರಾಚಾರ್ಯರು ಇದೇ ಸಾಲಿನಲ್ಲಿ ಗುರಿಯಿಲ್ಲದ ತಿರುಗಾಟವನ್ನೂ ಇತರರನ್ನು ಹಾಗೆ ತಿರುಗಿಸುವುದನ್ನೂ ಹೇಳಿದ್ದಾರೆ. ಹಾಗೆಂದು ಪ್ರವಾಸವೇ ದೋಷವಲ್ಲ. ತೀರ್ಥಯಾತ್ರೆಯನ್ನು ಜೈನರಷ್ಟು ಪ್ರೀತಿಯಿಂದ ಕೈಗೊಂಡವರು ವಿರಳ. ಏಕೆ ಹೊರಟೆ, ಎಲ್ಲಿ ನಿಲ್ಲುತ್ತೀಯೆ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಅಲೆದಾಟವೇ ದೋಷ.

ಮರುದಿನ ಬೆಳಿಗ್ಗೆ ಅವರು ಗುರುಬಸದಿಗೆ ಹೋದರು. ಪಾರ್ಶ್ವನಾಥನ ಈ ಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರೂ ಇದೆ. ಧವಳ, ಜಯಧವಳ, ಮಹಾಧವಳಗಳ ಓಲೆಗರಿ ಪ್ರತಿಗಳು ಶತಮಾನಗಳ ಕಾಲ ಭದ್ರವಾಗಿದ್ದುದು ಇಲ್ಲಿ. ಪ್ರಾಕೃತದ ಸಿದ್ಧಾಂತ ಹಳಗನ್ನಡ ಲಿಪಿಯಲ್ಲಿ ಈ ಊರಿನ ಕತ್ತಲ ಕೋಣೆಯಲ್ಲಿ ಉಳಿದುಕೊಂಡಿತು. ಅವುಗಳ ದರ್ಶನಕ್ಕಾಗಿ ಶ್ರಾವಕರು ದೂರದೂರದಿಂದ ನಡೆದು ಬಂದರು. 1939ರಿಂದ ಧವಳದ ಸಂಪುಟಗಳು ಅಚ್ಚಾಗತೊಡಗಿದ ಮೇಲೆ ಆ ಜ್ಞಾನ ಎಲ್ಲರಿಗೂ ತೆರೆಯಿತು.

ಬಸದಿಯಿಂದ ಹೊರಬಂದಾಗ ಮಂಗಳೂರಿನ ಮಾತು ಮತ್ತೆ ಬಂತು. ಅಲ್ಲಿಗೆ ಸುಮಾರು 35 ಕಿಲೋಮೀಟರ್. ಅಜ್ಜಿ ತಡೆಯಲಿಲ್ಲ. “ಗೆರೆ ನನ್ನದು ಮಗೂ, ನಿನ್ನದಲ್ಲ. ಅಪ್ಪನ ಜೊತೆ ಹೋಗಿ ಬಾ” ಎಂದರು. ತನ್ನ ವ್ರತವನ್ನು ಇತರರ ಮೇಲೆ ಹೇರಿ ಅವರ ಮನಸ್ಸನ್ನು ನೋಯಿಸಿದರೆ ಅದೂ ಹಿಂಸೆಯೇ ಎಂಬುದು ಅವರಿಗೆ ಗೊತ್ತಿತ್ತು. ಮೊಮ್ಮಗಳಿಗೆ ಖುಷಿಯಾಯಿತು. “ಅಜ್ಜೀ, ನಿಮಗೇನು ತರಲಿ?” ಎಂದಳು. ಅಜ್ಜಿ ನಕ್ಕರು. “ಏನೂ ಬೇಡ. ಆಚೆಯಿಂದ ತರಿಸಿಕೊಂಡರೆ ನಾನು ಇಲ್ಲಿ ಕುಳಿತು ಏನು ಬಂತು?”

ಆ ನಗುವಿನ ಹಿಂದೆ ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯವಿದೆ. ದೇಶವ್ರತದ ಐದು ಅತಿಚಾರಗಳನ್ನು ಅಲ್ಲಿ ಎಣಿಸಲಾಗಿದೆ: ಎಲ್ಲೆಯ ಆಚೆಯಿಂದ ವಸ್ತುವನ್ನು ತರಿಸಿಕೊಳ್ಳುವ ಆನಯನ, ಬೇರೆಯವರನ್ನು ಕಳುಹಿಸಿ ಕೆಲಸ ಮಾಡಿಸುವ ಪ್ರೇಷ್ಯಪ್ರಯೋಗ, ದನಿಯಿಂದ ಸೂಚನೆ ಕೊಡುವ ಶಬ್ದಾನುಪಾತ, ತನ್ನ ರೂಪವನ್ನು ತೋರಿ ಸೂಚಿಸುವ ರೂಪಾನುಪಾತ, ಕಲ್ಲು ಮೊದಲಾದವನ್ನು ಎಸೆದು ಸೂಚಿಸುವ ಪುದ್ಗಲಕ್ಷೇಪ. ಕಾಲು ಗೆರೆಯೊಳಗಿದ್ದರೂ ಬಯಕೆ ಹೊರಗೆ ತಿರುಗುವ ದಾರಿಗಳನ್ನೆಲ್ಲ ಸೂತ್ರಕಾರರು ಕಂಡಿದ್ದರು. ಬೆರಳ ತುದಿಯಿಂದಲೇ ಊಟವನ್ನು ಬಾಗಿಲಿಗೆ ತರಿಸಿಕೊಳ್ಳುವ, ಕರೆ ಮಾಡಿ ದೂರದ ಕೆಲಸ ನಡೆಸುವ ಈ ಕಾಲದಲ್ಲಿ ಆನಯನವೂ ಶಬ್ದಾನುಪಾತವೂ ಎಷ್ಟು ಸುಲಭವಾಗಿವೆ ಎಂಬುದನ್ನು ವಿವರಿಸಬೇಕಿಲ್ಲ. ಮನೆಯಿಂದ ಕದಲದವನೂ ಇಂದು ಜಗತ್ತನ್ನೆಲ್ಲ ಬಯಸಬಲ್ಲ. ಆದ್ದರಿಂದ ವ್ರತ ಇರುವುದು ಕಾಲಿಗಲ್ಲ, ಬಯಕೆಗೆ.

ತಂದೆ-ಮಗಳು ಮಂಗಳೂರಿಗೆ ಹೋದರು. ಅತ್ತೆ-ಸೊಸೆಯರು ಚೌಟರ ಅರಮನೆಗೆ ಹೋಗಿ, ಒಂಬತ್ತು ಹೆಂಗಸರ ಮೈಗಳೇ ಸೇರಿ ಆನೆಯಾಗಿರುವ ನವನಾರಿಕುಂಜರದ ಮರದ ಕೆತ್ತನೆಯನ್ನು ಬಿಡುವಾಗಿ ನೋಡಿದರು. ಕೋಡಂಗಲ್ಲಿನ ನಿಷಿಧಿಗಳ ಮುಂದೆ ಕೈಮುಗಿದು ವಸತಿಗೆ ಮರಳಿದರು. ಅಜ್ಜಿ ಸಾಮಾಯಿಕಕ್ಕೆ ಕುಳಿತರು.

ಮಂಗಳೂರಿನಲ್ಲಿ ಮೊಮ್ಮಗಳು ಗಡ್‌ಬಡ್ ಐಸ್‌ಕ್ರೀಮ್ ತಿಂದಳು; ರುಚಿಯಾಗಿತ್ತು. ಮತ್ತೆ ಮೂರು ಕಡೆ ಹೋದರು. ಪಟ್ಟಿಯಲ್ಲಿ ಎರಡು ಹೆಸರು ಉಳಿದಿರುವಾಗ ಅವಳು ಗಡಿಯಾರ ನೋಡಿದಳು. ಈಗ ಹೊರಡದಿದ್ದರೆ ಅಜ್ಜಿಯ ಊಟದ ಹೊತ್ತು ಮೀರುತ್ತದೆ; ಒಂದೋ ಅವರು ಒಬ್ಬರೇ ಉಣ್ಣಬೇಕು, ಇಲ್ಲವೇ ಕಾಯುತ್ತ ಕುಳಿತು ನಾಳೆಯವರೆಗೆ ಉಪವಾಸವಿರಬೇಕು. ಅವರು ಕಾಯುತ್ತಾರೆಂದು ಅವಳಿಗೆ ಗೊತ್ತಿತ್ತು. “ಸಾಕು ಅಪ್ಪಾ, ಹೋಗೋಣ” ಎಂದಳು. ಯಾರೂ ಹೇಳದೆ ಅವಳು ಎಳೆದುಕೊಂಡ ಮೊದಲ ಗೆರೆ ಅದು.

ಐದಕ್ಕೆ ಸ್ವಲ್ಪ ಮೊದಲು ಅವರು ಬಂದು ತಲುಪಿದರು. ಅದೇ ಹೋಟೆಲು, ಅದೇ ಮೇಜು. ಅಜ್ಜಿ ಬಿಳಿಯ ಬಟ್ಟೆಯಲ್ಲಿ ಸೋಸಿದ ನೀರನ್ನು ನಾಲ್ಕು ಲೋಟಗಳಿಗೂ ಬಗ್ಗಿಸಿದರು. ಐಸ್‌ಕ್ರೀಮ್ ಹೇಗಿತ್ತೆಂದು ಕೇಳಿ, ಮೊಮ್ಮಗಳು ವರ್ಣಿಸಿದ್ದನ್ನು ಮೆಚ್ಚುಗೆಯಿಂದ ಆಲಿಸಿದರು. ಏನು ತರಲಿ ಎಂದು ಮಾಣಿ ಕೇಳಿದಾಗ ಮೊಮ್ಮಗಳು ಮೊಬೈಲನ್ನು ನೋಡಲಿಲ್ಲ. ಎಲ್ಲರಿಗೂ ನೀರುದೋಸೆ, ತಲಾ ಎರಡು ಎಂದಳು. ಪಶ್ಚಿಮದ ಬಿಸಿಲು ಕಿಟಕಿಯಿಂದ ಇಳಿದು ಮೇಜಿನ ಮೇಲೆ ಬಿದ್ದಿತ್ತು. ಹೊತ್ತು ಮೀರುವ ಮೊದಲೇ ಊಟ ಮುಗಿಯಿತು. ಆ ದಿನ ಮಾಣಿ ಎತ್ತಿಕೊಂಡು ಹೋದ ತಟ್ಟೆಗಳಲ್ಲಿ ಏನೂ ಉಳಿದಿರಲಿಲ್ಲ.